ಕಾರಿಗೆ ಹೊಂದುವ ಟಾರ್ಕ್ ಕನ್ವರ್ಟರ್ ಆರಿಸುವುದು ಹೇಗೆ?

ಎಂಜಿನ್ನಿಗೆ ದೊಡ್ಡ ಕ್ಯಾಮ್‌ಶಾಫ್ಟ್ (ವಾಲ್ವ್‌ಗಳನ್ನು ತೆರೆಯುವ ದಂಡ) ಹಾಕಿಸಿದ್ದೀರಿ. ಎಕ್ಸಾಸ್ಟ್ ಬದಲಿಸಿ ಟ್ಯೂನ್ ಕೂಡ ಮಾಡಿಸಿದ್ದೀರಿ. ಆದರೂ ಆಟೊಮ್ಯಾಟಿಕ್ ಕಾರು ನಿಂತಲ್ಲಿಂದ ಹೊರಡುವಾಗ ಮಂಕಾಗಿಯೇ ಇದೆ. ಎಷ್ಟೋ ಸಲ ಇದಕ್ಕೆ ಕಾರಣ ಕಂಪನಿಯಿಂದ ಬಂದ ಟಾರ್ಕ್ ಕನ್ವರ್ಟರ್, ಅಂದರೆ ಎಂಜಿನ್ನಿನ ಶಕ್ತಿಯನ್ನು ಆಯಿಲ್ ಮೂಲಕ ಗೇರ್‌ಬಾಕ್ಸ್‌ಗೆ ದಾಟಿಸುವ ಭಾಗ. ಸರಿಯಾದದ್ದನ್ನು ಹಾಕಿದರೆ ಅದೇ ಎಂಜಿನ್ ಬೇರೆಯೇ ಎಂಜಿನ್ ಅನ್ನಿಸುತ್ತದೆ. ತಪ್ಪಾದದ್ದನ್ನು ಹಾಕಿದರೆ ಗೇರ್‌ಬಾಕ್ಸ್ ಕಾದು ಕೆಡುತ್ತದೆ. ಹಾಗಾಗಿ ದುಡ್ಡು ಕೊಡುವ ಮೊದಲು ಸ್ವಲ್ಪ ಲೆಕ್ಕ ಹಾಕುವುದು ಒಳ್ಳೆಯದು.

ಮೊದಲು ಸ್ಟಾಲ್ ಸ್ಪೀಡ್ ಅರ್ಥ ಮಾಡಿಕೊಳ್ಳಿ

ಕನ್ವರ್ಟರ್ ಒಳಗೆ ಮುಖ್ಯವಾಗಿ ಮೂರು ಭಾಗಗಳಿವೆ. ಎಂಜಿನ್ ಜೊತೆ ತಿರುಗುವ ಇಂಪೆಲ್ಲರ್ ಆಯಿಲನ್ನು ತಳ್ಳುತ್ತದೆ. ಆ ಆಯಿಲ್ ಬಡಿದು ಟರ್ಬೈನ್ ತಿರುಗುತ್ತದೆ, ಗೇರ್‌ಬಾಕ್ಸ್‌ಗೆ ಶಕ್ತಿ ಹೋಗುವುದು ಅದರಿಂದ. ನಡುವೆ ಇರುವ ಸ್ಟೇಟರ್, ವಾಪಸ್ ಬರುವ ಆಯಿಲಿನ ದಿಕ್ಕು ತಿರುಗಿಸಿ ಟಾರ್ಕ್ (ತಿರುಗಿಸುವ ಬಲ) ಹೆಚ್ಚಿಸುತ್ತದೆ. ಕಾರು ನಿಂತಿರುವಾಗ ಇದು ಸುಮಾರು ಎರಡು ಪಟ್ಟಿನವರೆಗೂ ಹೋಗುತ್ತದೆ. ವೇಗ ಏರಿದಂತೆ ಈ ಲಾಭ ಕರಗುತ್ತಾ ಹೋಗುತ್ತದೆ.

ಕಾರು ಅಲುಗಾಡದಂತೆ ಹಿಡಿದು ಪೂರ್ತಿ ಆಕ್ಸಿಲರೇಟರ್ ಕೊಟ್ಟರೆ ಎಂಜಿನ್ ಒಂದು ಆರ್‌ಪಿಎಂವರೆಗೆ ಏರಿ ಅಲ್ಲೇ ನಿಲ್ಲುತ್ತದೆ. ಅದೇ ಸ್ಟಾಲ್ ಸ್ಪೀಡ್. ಸಾಮಾನ್ಯ ಕಾರುಗಳಲ್ಲಿ ಇದು ಹೆಚ್ಚಾಗಿ 1,600ರಿಂದ 2,200ರ ಆಸುಪಾಸಿನಲ್ಲಿರುತ್ತದೆ. ದೊಡ್ಡ ಕ್ಯಾಮ್ ಇರುವ ಎಂಜಿನ್ನಿಗೆ ಆ ಆರ್‌ಪಿಎಂನಲ್ಲಿ ಇನ್ನೂ ಉಸಿರೇ ಬಂದಿರುವುದಿಲ್ಲ. ಸ್ಟಾಲ್ ಸ್ಪೀಡ್ ಏರಿಸಿದರೆ ಎಂಜಿನ್ ನೇರ ತನ್ನ ಶಕ್ತಿಯ ವಲಯದಿಂದಲೇ ಕೆಲಸ ಶುರು ಮಾಡುತ್ತದೆ.

ಇಲ್ಲಿ ಒಂದು ತಪ್ಪು ತಿಳುವಳಿಕೆ ಇದೆ. 3,000 ಸ್ಟಾಲ್ ಅಂದರೆ 3,000 ಆರ್‌ಪಿಎಂ ತಲುಪುವವರೆಗೆ ಕಾರು ಕದಲುವುದಿಲ್ಲ ಅಂತ ಬಹಳ ಜನ ಅಂದುಕೊಳ್ಳುತ್ತಾರೆ. ಹಾಗೇನಿಲ್ಲ. ಮೆಲ್ಲಗೆ ತುಳಿದರೆ ಅದಕ್ಕಿಂತ ಎಷ್ಟೋ ಕೆಳಗೇ ಕಾರು ಹೊರಡುತ್ತದೆ. ಹಿಡಿತ ಸ್ವಲ್ಪ ಸಡಿಲ ಅನ್ನಿಸಬಹುದು, ಅಷ್ಟೆ.

ಡಬ್ಬದ ಮೇಲಿನ ಸಂಖ್ಯೆಯನ್ನು ನಂಬಿ ಕೂರಬೇಡಿ

ನನ್ನ ಪ್ರಕಾರ ಇಡೀ ವಿಷಯದಲ್ಲಿ ಇದೇ ಮುಖ್ಯ. ಸ್ಟಾಲ್ ಸ್ಪೀಡನ್ನು ಕನ್ವರ್ಟರ್ ಒಂದೇ ತೀರ್ಮಾನಿಸುವುದಿಲ್ಲ. ಅದರ ಮುಂದೆ ಕೂತ ಎಂಜಿನ್ನಿಗೂ ಅದರಲ್ಲಿ ಪಾಲಿದೆ. ಎಂಜಿನ್ ಟಾರ್ಕ್ ಜಾಸ್ತಿಯಾದರೆ ಸ್ಟಾಲ್ ಕೂಡ ಏರುತ್ತದೆ, ಹೆಚ್ಚುಕಡಿಮೆ ಟಾರ್ಕಿನ ವರ್ಗಮೂಲದ ಲೆಕ್ಕದಲ್ಲಿ. ಉದಾಹರಣೆಗೆ, 400 ನ್ಯೂಟನ್ ಮೀಟರ್ ಟಾರ್ಕ್ ಕೊಡುವ ಎಂಜಿನ್ನಿನ ಹಿಂದೆ 2,500ಕ್ಕೆ ನಿಲ್ಲುವ ಕನ್ವರ್ಟರ್ ಇದೆ ಅಂದುಕೊಳ್ಳಿ. ಅದನ್ನೇ 576 ನ್ಯೂಟನ್ ಮೀಟರ್ ಕೊಡುವ ಎಂಜಿನ್ನಿಗೆ ಹಾಕಿದರೆ 3,000ದ ಹತ್ತಿರ ಹೋಗುತ್ತದೆ. ವಸ್ತು ಒಂದೇ, ಸಂಖ್ಯೆ ಎರಡು. ಗೆಳೆಯನ ಕಾರಿನಲ್ಲಿ ಚೆನ್ನಾಗಿದೆ ಅಂತ ಅದನ್ನೇ ತರಿಸುವುದು ಯಾಕೆ ಸರಿಹೋಗುವುದಿಲ್ಲ ಅಂತ ಈಗ ಗೊತ್ತಾಯಿತಲ್ವಾ?

ಕಾರಿನ ವಿವರ ಬರೆದಿಟ್ಟುಕೊಳ್ಳಿ

ಒಳ್ಳೆಯ ತಯಾರಕರು ಸ್ಟಾಲ್ ಎಷ್ಟು ಬೇಕು ಅಂತ ಕೇಳುವುದಕ್ಕಿಂತ ಮೊದಲು ಕಾರಿನ ಬಗ್ಗೆ ಕೇಳುತ್ತಾರೆ. ಕೇಳದೆ ಸುಮ್ನೆ ಒಂದು ಡಬ್ಬ ಕೈಗಿಟ್ಟರೆ ಬೇರೆಯವರನ್ನು ನೋಡಿ. ಹೇಳಬೇಕಾದ್ದು ಇಷ್ಟು: ಎಂಜಿನ್ ಯಾವ ಆರ್‌ಪಿಎಂನಿಂದ ಎಳೆಯಲು ಶುರು ಮಾಡುತ್ತದೆ, ಗರಿಷ್ಠ ಟಾರ್ಕ್ ಎಲ್ಲಿ, ಗೇರ್‌ಬಾಕ್ಸ್ ಯಾವುದು, ಡಿಫರೆನ್ಷಿಯಲ್ ಅನುಪಾತ ಎಷ್ಟು, ಟೈರಿನ ಎತ್ತರ ಎಷ್ಟು, ಜನ ಕೂತ ಮೇಲೆ ಕಾರಿನ ತೂಕ ಎಷ್ಟು. ಡೈನೊ (ಎಂಜಿನ್ ಶಕ್ತಿ ಅಳೆಯುವ ಯಂತ್ರ) ಮೇಲೆ ಓಡಿಸಿದ ಗ್ರಾಫ್ ಇದ್ದರೆ ಅದನ್ನೂ ಕೊಡಿ.

ಟರ್ಬೊ ಅಥವಾ ನೈಟ್ರಸ್ ಇದ್ದರೆ ಖಂಡಿತ ಹೇಳಿ. ಟರ್ಬೊ ಕಾರಿನಲ್ಲಿ ಸ್ವಲ್ಪ ಸಡಿಲ, ಅಂದರೆ ಸ್ಟಾಲ್ ಹೆಚ್ಚಿರುವ ಕನ್ವರ್ಟರ್ ಇದ್ದರೆ ಬೂಸ್ಟ್ (ಟರ್ಬೊ ತಳ್ಳುವ ಗಾಳಿಯ ಒತ್ತಡ) ಬೇಗ ಏರುತ್ತದೆ. ಆದರೆ ಬೂಸ್ಟ್ ಬಂದ ಮೇಲೆ ಟಾರ್ಕ್ ಹೆಚ್ಚಿ ಸ್ಟಾಲ್ ಇನ್ನೂ ಮೇಲೆ ಓಡುತ್ತದೆ. ಮೊದಲೇ ಹೇಳದಿದ್ದರೆ ಸಿಗುವುದು ವಿಪರೀತ ಜಾರುವ, ಅಂದರೆ ಇಂಪೆಲ್ಲರ್ ತಿರುಗಿದಷ್ಟು ಟರ್ಬೈನ್ ತಿರುಗದ ಕನ್ವರ್ಟರ್.

ಬಳಕೆ ಯಾವುದು ಅಂತ ಪ್ರಾಮಾಣಿಕವಾಗಿ ನಿರ್ಧರಿಸಿ

ದಿನಾ ಓಡಿಸುವ ಕಾರಿಗೆ 2,400ರಿಂದ 3,000 ಸ್ಟಾಲ್ ಸಾಮಾನ್ಯವಾಗಿ ಸಾಕು. 4,000 ದಾಟಿದ್ದು ಡ್ರ್ಯಾಗ್ ರೇಸಿಗೆ. ಟ್ರಾಫಿಕ್ಕಿನಲ್ಲಿ ಅದರ ಜೊತೆ ಬಾಳುವುದು ಕಷ್ಟ. ಸ್ಟಾಲ್ ಹೆಚ್ಚಿಸಲು ಸಾಮಾನ್ಯವಾಗಿ ಕನ್ವರ್ಟರಿನ ವ್ಯಾಸ ಕಡಿಮೆ ಮಾಡುತ್ತಾರೆ, ರೆಕ್ಕೆಗಳ ಕೋನವನ್ನೂ ಸ್ಟೇಟರನ್ನೂ ಬದಲಿಸುತ್ತಾರೆ. ಅಗ್ಗದ ಕೆಲಸದಲ್ಲಿ ಸ್ಟಾಲ್ ಏರುತ್ತದೆ, ಆದರೆ ಮೇಲಿನ ವೇಗದಲ್ಲೂ ಜಾರುತ್ತಲೇ ಇರುತ್ತದೆ. ಎಂಜಿನ್ ಕೂಗುತ್ತದೆ, ಕಾರು ಮುಂದೆ ಹೋಗುವುದಿಲ್ಲ. ಹಾಗಾಗಿ ಸ್ಟಾಲ್ ಜೊತೆಗೆ, ಪೂರ್ತಿ ವೇಗದಲ್ಲಿ ಎಷ್ಟು ಜಾರುತ್ತದೆ ಅಂತಲೂ ಕೇಳಿ.

ಹೆದ್ದಾರಿ ಓಡಾಟ ಇದ್ದರೆ ಲಾಕ್‌ಅಪ್ ಕ್ಲಚ್ (ಎಂಜಿನ್ನನ್ನೂ ಗೇರ್‌ಬಾಕ್ಸನ್ನೂ ನೇರ ಜೋಡಿಸುವ ಕ್ಲಚ್) ಇರುವುದನ್ನೇ ತೆಗೆದುಕೊಳ್ಳಿ. ಅದು ಕಚ್ಚಿಕೊಂಡರೆ ಜಾರುವಿಕೆ ನಿಂತು ಬಿಸಿ ಇಳಿಯುತ್ತದೆ, ಇಂಧನವೂ ಉಳಿಯುತ್ತದೆ. ಪೂರ್ತಿ ಆಕ್ಸಿಲರೇಟರ್ ಕೊಟ್ಟಿರುವಾಗಲೂ ಲಾಕ್ ಆಗಬೇಕು ಅಂದರೆ ಒಂದೇ ಪ್ಲೇಟಿನ ಕ್ಲಚ್ ತಡೆಯುವುದು ಕಷ್ಟ, ಹಲವು ಪ್ಲೇಟಿನದು ಬೇಕು.

ಒಳಗಿನ ರಚನೆ ನೋಡಿ

ರೆಕ್ಕೆಗಳನ್ನು ಕುಲುಮೆಯಲ್ಲಿ ಬೆಸೆದಿರಬೇಕು. ವಾಷರ್ ಬದಲು ನೀಡಲ್ ಬೇರಿಂಗ್ ಇರಬೇಕು. ಶಕ್ತಿ ಬಹಳ ಇದ್ದರೆ ಒಳಗಿನ ಒತ್ತಡಕ್ಕೆ ಉಬ್ಬದಂತೆ ದಪ್ಪ ಕವರ್ ಬೇಕು.

ಆಯಿಲ್ ಕೂಲರ್ ಮರೆಯಬೇಡಿ

ಕನ್ವರ್ಟರ್ ಜಾರಿದಷ್ಟೂ ಆ ಶಕ್ತಿ ಬಿಸಿಯಾಗಿ ಆಯಿಲಿಗೇ ಹೋಗುತ್ತದೆ. ಬಿಸಿಯಾದ ಆಯಿಲ್ ಬೇಗ ಹಳತಾಗುತ್ತದೆ, ಆಮೇಲೆ ಕ್ಲಚ್‌ಗಳು ಸುಡುತ್ತವೆ, ಸೀಲುಗಳು ಗಟ್ಟಿಯಾಗಿ ಸೋರುತ್ತವೆ. ಸ್ಟಾಲ್ ಏರಿಸಿದ ಕಾರಿಗೆ ಪ್ರತ್ಯೇಕ ಕೂಲರ್ ಹಾಕಲೇಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಒಂದು ತಾಪಮಾನದ ಮೀಟರ್ ಕೂಡ ಇರಲಿ. ಆಯಿಲ್ 80–90 ಡಿಗ್ರಿ ಸೆಲ್ಸಿಯಸ್ ಸುತ್ತಮುತ್ತ ಇದ್ದರೆ ನಿಶ್ಚಿಂತೆ. 120 ದಾಟಲು ಶುರುವಾದರೆ ನಿಲ್ಲಿಸಿ ತಣ್ಣಗಾಗಲು ಬಿಡಿ.

ಕೂರಿಸುವಾಗ

ಎಷ್ಟೋ ಹೊಸ ಕನ್ವರ್ಟರ್‌ಗಳು ಹಾಳಾಗುವುದು ಇಲ್ಲೇ. ಮೊದಲು ಕನ್ವರ್ಟರ್ ಒಳಗೆ ಒಂದು ಲೀಟರಿನಷ್ಟು ಆಯಿಲ್ ಹಾಕಿ. ಗೇರ್‌ಬಾಕ್ಸಿಗೆ ತೂರಿಸಿ, ತಿರುಗಿಸುತ್ತಾ ಒಳಗೆ ತಳ್ಳಿ. ಅದು ಹಂತಹಂತವಾಗಿ ಜಾರಿ ಕೊನೆಗೆ ಗೇರ್‌ಬಾಕ್ಸಿನ ಆಯಿಲ್ ಪಂಪಿಗೆ ಸರಿಯಾಗಿ ಕೂರಬೇಕು. ಗೇರ್‌ಬಾಕ್ಸನ್ನು ಎಂಜಿನ್ನಿಗೆ ಸೇರಿಸಿದ ಮೇಲೂ ಕನ್ವರ್ಟರ್ ಕೈಯಲ್ಲಿ ಸಲೀಸಾಗಿ ತಿರುಗಬೇಕು. ಅದಕ್ಕೂ ಫ್ಲೆಕ್ಸ್‌ಪ್ಲೇಟಿಗೂ (ಕನ್ವರ್ಟರನ್ನು ಬೋಲ್ಟ್ ಮಾಡುವ ಎಂಜಿನ್ನಿನ ತಟ್ಟೆ) ನಡುವೆ ಸಾಮಾನ್ಯವಾಗಿ 3ರಿಂದ 5 ಮಿಲಿಮೀಟರ್ ಸಂದು ಉಳಿಯಬೇಕು. ನಿಮ್ಮ ಗೇರ್‌ಬಾಕ್ಸಿಗೆ ತಯಾರಕರು ಕೊಟ್ಟ ಅಳತೆ ಬೇರೆ ಇದ್ದರೆ ಅದನ್ನೇ ಪಾಲಿಸಿ. ಸಂದೇ ಇಲ್ಲದಿದ್ದರೆ ಅದು ಪೂರ್ತಿ ಕೂತಿಲ್ಲ ಅಂತ ಅರ್ಥ. ಬೋಲ್ಟ್ ಬಿಗಿದು ಎಳೆಯಲು ಹೋದರೆ ಪಂಪ್ ಒಡೆಯುತ್ತದೆ.

ಪರೀಕ್ಷೆ

ಬ್ರೇಕ್ ಒತ್ತಿ ಪೂರ್ತಿ ಆಕ್ಸಿಲರೇಟರ್ ಕೊಡುವ ಪರೀಕ್ಷೆಯನ್ನು 5 ಸೆಕೆಂಡಿಗಿಂತ ಹೆಚ್ಚು ಮಾಡಬೇಡಿ. ಮುಂದೆ ಯಾರೂ ಇರಬಾರದು. ಶಕ್ತಿ ಜಾಸ್ತಿ ಇರುವ ಕಾರಿನಲ್ಲಿ ಬ್ರೇಕ್ ಸೋತು ಚಕ್ರ ತಿರುಗುತ್ತದೆ, ಆಗ ನಿಜವಾದ ಸ್ಟಾಲ್ ಗೊತ್ತಾಗುವುದಿಲ್ಲ. ಟ್ರ್ಯಾಕಿನಲ್ಲಿ ನಿಧಾನ ಹೋಗುತ್ತಾ ಒಮ್ಮೆಲೇ ಪೂರ್ತಿ ತುಳಿದು, ಆರ್‌ಪಿಎಂ ಮುಳ್ಳು ಎಲ್ಲಿಗೆ ಹಾರುತ್ತದೆ ಅಂತ ನೋಡುವುದು ಮೇಲು. ಬಂದ ಸಂಖ್ಯೆಯನ್ನು ತಯಾರಕರಿಗೆ ತಿಳಿಸಿ. ಹೊಂದದಿದ್ದರೆ ಬಿಚ್ಚಿ ಸ್ಟಾಲ್ ಬದಲಿಸಿಕೊಡುವವರೂ ಇದ್ದಾರೆ, ಆ ಸೌಲಭ್ಯ ಇದೆಯೇ ಅಂತ ಕೊಳ್ಳುವಾಗಲೇ ಕೇಳಿಟ್ಟುಕೊಳ್ಳಿ.