ಟ್ಯಾಂಕ್ ಮೇಲಿನ ಹೆಸರು ಬಿಡಿ, ಇಂಜಿನ್ ಮೇಲಿನ ನಂಬರ್ ಓದಿ: ಹಳೆ ಡುಕಾಟಿ ಮಾನ್‌ಸ್ಟರ್ ಇಟ್ಟುಕೊಂಡವರಿಗೆ

ನನ್ನ ಹತ್ತಿರ ಇರುವುದು ಇಟಲಿಯ ಡುಕಾಟಿ ಕಂಪನಿಯ ಬೈಕ್, 1997ರ ಮಾನ್‌ಸ್ಟರ್ 750. ಹಳೆ ಮಾನ್‌ಸ್ಟರ್ ಕೊಂಡವರು ಸಿಕ್ಕಾಗೆಲ್ಲ ಒಂದೇ ಪ್ರಶ್ನೆ: "ಮಾನ್‌ಸ್ಟರ್‌ಗೆ ಕ್ಲಚ್ ಪ್ಲೇಟ್ ಎಲ್ಲಿ ಸಿಗುತ್ತೆ?" ಯಾವ ಮಾನ್‌ಸ್ಟರ್ ಅಂತ ಕೇಳಿದರೆ ಟ್ಯಾಂಕ್ ತೋರಿಸುತ್ತಾರೆ. ಟ್ಯಾಂಕ್ ಮೇಲೆ ಬರೆದದ್ದನ್ನು ನೆಚ್ಚಿಕೊಂಡು ಪಾರ್ಟ್ಸ್ ತರಿಸಿದರೆ ಅರ್ಧದಷ್ಟು ವಾಪಸ್ ಕಳಿಸಬೇಕಾಗುತ್ತದೆ. ಟ್ಯಾಂಕ್ ಬದಲಾಗಿರಬಹುದು, ಸ್ಟಿಕ್ಕರ್ ಬದಲಾಗಿರಬಹುದು, ಇಂಜಿನ್ನೇ ಬದಲಾಗಿರಬಹುದು.

ಈ ಬೈಕ್ ಹುಟ್ಟಿದ್ದೇ ಡುಕಾಟಿಯ ಬೇರೆ ಬೈಕ್‌ಗಳ ಭಾಗಗಳಿಂದ. ಮಿಗೆಲ್ ಗಲ್ಲುಝಿ ರೂಪಿಸಿದ ಮೊದಲ ಮಾನ್‌ಸ್ಟರ್ 900 ಜನರ ಮುಂದೆ ಬಂದದ್ದು 1992ರಲ್ಲಿ. ಅದರ ಫ್ರೇಮ್ 851 ಸೂಪರ್‌ಬೈಕ್ ಕುಲದ್ದು, ಗಾಳಿಯಿಂದ ತಣ್ಣಗಾಗುವ ಇಂಜಿನ್ 900 ಸೂಪರ್‌ಸ್ಪೋರ್ಟ್‌ನದು. ಆಮೇಲೆ 600, 750, 620, 800, 1000 ಅಂತ ಸಂಸಾರ ಬೆಳೆಯಿತು. ಹೊರಗಿನಿಂದ ಎಲ್ಲ ಒಂದೇ ಥರ ಕಾಣುತ್ತವೆ, ಒಳಗೆ ಬೇರೆ ಬೇರೆ. ಇದರಲ್ಲಿ ಲಾಭವೂ ಇದೆ. ಮಾನ್‌ಸ್ಟರ್ ಹೆಸರಲ್ಲಿ ಸಿಗದ ಇಂಜಿನ್ ಭಾಗ ಅದೇ ಕಾಲದ ಸೂಪರ್‌ಸ್ಪೋರ್ಟ್ ಹೆಸರಲ್ಲಿ ಎಷ್ಟೋ ಸಲ ಸಿಗುತ್ತದೆ.

ಹಾಗಾಗಿ ಮೊದಲ ಕೆಲಸ: ಒಂದು ಬಟ್ಟೆ, ಸ್ವಲ್ಪ ಡೀಸೆಲ್, ಒಂದು ಟಾರ್ಚ್. ಹ್ಯಾಂಡಲ್ ಕೊರಳಿನ ಹತ್ತಿರ ಚಾಸಿಸ್ ನಂಬರ್ ಇರುತ್ತದೆ, 'ಝಡ್‌ಡಿಎಂ' ಅಂತ ಶುರು. ಕ್ರ್ಯಾಂಕ್‌ಕೇಸ್ (ಇಂಜಿನ್ನಿನ ಕೆಳಭಾಗದ ಲೋಹದ ಪೆಟ್ಟಿಗೆ) ಮೇಲೆ ಇಂಜಿನ್ ನಂಬರ್. ಎರಡನ್ನೂ ಉಜ್ಜಿ, ಫೋಟೋ ತೆಗೆದು ಇಟ್ಟುಕೊಳ್ಳಿ. ಇಂಜಿನ್ ನಂಬರನ್ನು ಓದಲು ಕಲಿತರೆ ಸಾಕು, ತುಂಬಾ ವಿಷಯ ಗೊತ್ತಾಗುತ್ತದೆ. ನನ್ನದರಲ್ಲಿ 'ಝಡ್‌ಡಿಎಂ 748 ಎ2' ಅಂತಿದೆ. 748 ಅಂದರೆ ಸಿಸಿ. 'ಎ' ಅಂದರೆ ಗಾಳಿ ತಂಪು. 2 ಅಂದರೆ ಸಿಲಿಂಡರ್‌ಗೆ ಎರಡು ವಾಲ್ವ್. 'ಡಬ್ಲ್ಯು4' ಅಂತ ಕಂಡರೆ ಅದು ನೀರು ತಂಪಿನ, ನಾಲ್ಕು ವಾಲ್ವ್‌ನ ಇಂಜಿನ್, ಮಾನ್‌ಸ್ಟರ್ ಎಸ್4 ಜಾತಿ. 583 ಇದ್ದರೆ 600, 904 ಇದ್ದರೆ 900.

ಈ ಸಿಸಿಯಿಂದಲೇ ಕ್ಲಚ್ ಪ್ರಶ್ನೆಗೂ ಉತ್ತರ ಸಿಗುತ್ತದೆ. 600 ಮತ್ತು 750ರಲ್ಲಿ ಚಿಕ್ಕ ಕ್ರ್ಯಾಂಕ್‌ಕೇಸ್, ಐದು ಗೇರ್, ಆಯಿಲ್‌ನಲ್ಲಿ ಮುಳುಗಿರುವ ಕ್ಲಚ್. 900ರಲ್ಲಿ ದೊಡ್ಡ ಕ್ರ್ಯಾಂಕ್‌ಕೇಸ್, ಆರು ಗೇರ್, ಒಣ ಕ್ಲಚ್. ನ್ಯೂಟ್ರಲ್‌ನಲ್ಲಿ ಕ್ಲಚ್ ಹಿಡಿದಾಗ ಗಲಗಲ ಸದ್ದು ಮಾಡುವುದು ಒಣ ಕ್ಲಚ್ಚೇ. ಆ ಸದ್ದಿಗೆ ಹೆದರಬೇಡಿ. ಕ್ಲಚ್ ಪ್ಲೇಟ್ ಕೂರುವ ಬ್ಯಾಸ್ಕೆಟ್‌ನ ಹಲ್ಲುಗಳಲ್ಲಿ ಬೆರಳಿಗೆ ಸಿಗುವಷ್ಟು ಗುಳಿ ಬಿದ್ದಿದ್ದರೆ ಮಾತ್ರ ಹೆದರಿ.

ಇನ್ನು ಪಾರ್ಟ್ ನಂಬರ್. ಡುಕಾಟಿ ನಂಬರ್ ನೋಡಲು ಗೋಜಲು, ಆದರೆ ಒಂದು ಕ್ರಮ ಇದೆ. ಆಯಿಲ್ ಫಿಲ್ಟರ್ ತಗೊಳ್ಳಿ: 444.4.003.8ಎ. ಕೆಲವು ಕಡೆ ಚುಕ್ಕಿ ಇಲ್ಲದೆ ಒಟ್ಟಿಗೆ ಬರೆಯುತ್ತಾರೆ, ಎರಡೂ ಒಂದೇ. ಮೊದಲ ಮೂರು ಅಂಕಿ ಭಾಗದ ಗುಂಪು. ಟೈಮಿಂಗ್ ಬೆಲ್ಟ್ 737ರಿಂದ ಶುರು, ಬ್ರೇಕ್ ಪ್ಯಾಡ್ 613ರಿಂದ. ಕೊನೆಯ ಅಕ್ಷರ ಪರಿಷ್ಕರಣೆಯದು. 'ಎ' ಇದ್ದದ್ದು 'ಬಿ' ಆಗಿದ್ದರೆ ಸಾಮಾನ್ಯವಾಗಿ ಅದೇ ಭಾಗ, ಸುಧಾರಿಸಿದ್ದು. ನಿಮ್ಮ ವರ್ಷದ ಪಾರ್ಟ್ಸ್ ಕ್ಯಾಟಲಾಗ್ ಹುಡುಕಿಕೊಳ್ಳಿ. ಬಿಡಿಸಿಟ್ಟ ಚಿತ್ರಗಳಿರುವ ಆ ಪುಸ್ತಕ ಒಂದು ಕಡೆ, ಮಿಕ್ಕ ಸಲಹೆಗಳೆಲ್ಲ ಒಂದು ಕಡೆ. ನನ್ನ ಸಲಹೆಯೂ ಸೇರಿ.

ಆದರೆ ಬೈಕಿನ ಅರ್ಧ ಭಾಗವನ್ನು ಡುಕಾಟಿ ತಾನೇ ಮಾಡಿಲ್ಲ. ಬ್ರೇಕ್ ಬ್ರೆಂಬೊ, ಕಾರ್ಬುರೇಟರ್ ಮಿಕುನಿ, ಫೋರ್ಕ್ ಶೋವಾ ಅಥವಾ ಮಾರ್ಝೋಕಿ. ಇಂಜೆಕ್ಷನ್ ಬಂದ ಮೇಲೆ ಕಂಪ್ಯೂಟರ್ ಮ್ಯಾಗ್ನೆಟಿ ಮರೆಲ್ಲಿ. ಇವುಗಳ ಮೇಲೆ ತಯಾರಕರ ಗುರುತು ಕೊರೆದಿರುತ್ತದೆ, ಅದನ್ನೇ ಹಿಡಿದು ಹುಡುಕಿ. ಫೋರ್ಕ್ ಸೀಲ್ ತರಿಸುವ ಮುಂಚೆ ಕೊಳವೆಯನ್ನು ವರ್ನಿಯರ್‌ನಲ್ಲಿ ಅಳೆಯಲೇಬೇಕು. 40, 41, 43 ಮಿಲಿಮೀಟರ್, ಮೂರೂ ಮಾನ್‌ಸ್ಟರ್‌ಗಳಲ್ಲಿವೆ. ಬ್ರೆಂಬೊ ಕ್ಯಾಲಿಪರ್‌ನಲ್ಲಿ ಬೋಲ್ಟ್ ತೂತುಗಳ ನಡುವಿನ ದೂರ ಅಳೆಯಿರಿ. 40 ಮಿಮೀ, 65 ಮಿಮೀ ಎರಡೂ ಇವೆ, ಒಂದರ ಜಾಗಕ್ಕೆ ಇನ್ನೊಂದು ಕೂರುವುದಿಲ್ಲ.

ಬೇರಿಂಗ್‌ಗೆ ಬೈಕಿನ ಹೆಸರೇ ಬೇಡ. ಅಂಚಿನಲ್ಲಿ 6204 ಅಂತಿದ್ದರೆ ಕೊನೆಯ ಎರಡು ಅಂಕಿಯನ್ನು ಐದರಿಂದ ಗುಣಿಸಿ. ಒಳವ್ಯಾಸ 20 ಮಿಮೀ. ಪಕ್ಕದಲ್ಲಿ '2ಆರ್‌ಎಸ್' ಇದ್ದರೆ ಎರಡೂ ಕಡೆ ರಬ್ಬರ್ ಸೀಲ್. ಆಯಿಲ್ ಸೀಲ್ ಮೇಲೆ ಮೂರು ಅಳತೆ: ಒಳವ್ಯಾಸ, ಹೊರವ್ಯಾಸ, ದಪ್ಪ. ಚೈನ್ ಕೂಡ ಹಾಗೇ. 520ರಲ್ಲಿ 5 ಅಂದರೆ ಪಿನ್‌ನಿಂದ ಪಿನ್‌ಗೆ ಐದು-ಎಂಟನೇ ಇಂಚು, ಅಂದರೆ 15.875 ಮಿಮೀ. ಮಿಕ್ಕ 20 ಒಳಗಿನ ಅಗಲ, 6.35 ಮಿಮೀ. 525ಕ್ಕೂ ಪಿನ್ ಅಂತರ ಅಷ್ಟೇ, ಅಗಲ ಮಾತ್ರ ಜಾಸ್ತಿ. ಹಿಂದಿನವರು ಯಾವುದು ಹಾಕಿದ್ದಾರೋ ಅದನ್ನು ಅಳೆದು ನೋಡಿ. ಚೈನ್ ಬಿಚ್ಚಿದಾಗ ಮುಂದಿನ ಸ್ಪ್ರಾಕೆಟ್ ಶಾಫ್ಟ್ ಮೇಲೆ ಸ್ವಲ್ಪ ಅಲ್ಲಾಡುತ್ತದೆ. ಎಲ್ಲರೂ ಗಾಬರಿಯಾಗುತ್ತಾರೆ. ಒಂದು ತಗಡು, ಎರಡು ಬೋಲ್ಟ್‌ನಿಂದ ಹಿಡಿದಿರುವ ಆ ಸ್ಪ್ರಾಕೆಟ್‌ಗೆ ಅಷ್ಟು ಆಟ ಇರುವುದೇ ಸರಿ.

ಈಗ ಬೆಲ್ಟ್. ಮಿಕ್ಕ ಯಾವ ಕೆಲಸ ಮುಂದಕ್ಕೆ ಹಾಕಿದರೂ ನಡೆಯುತ್ತದೆ, ಇದನ್ನು ಹಾಕುವಂತಿಲ್ಲ. ಹಳೆ ಮಾನ್‌ಸ್ಟರ್‌ನಲ್ಲಿ ವಾಲ್ವ್‌ಗಳನ್ನು ಆಡಿಸುವ ಕ್ಯಾಮ್‌ಗಳನ್ನು ತಿರುಗಿಸುವುದು ಎರಡು ರಬ್ಬರ್ ಬೆಲ್ಟ್. ಹಲ್ಲು ಜಾರಿದರೆ ವಾಲ್ವ್ ಹೋಗಿ ಪಿಸ್ಟನ್‌ಗೆ ಬಡಿಯುತ್ತದೆ. ನಿಯಮ ಎರಡು ವರ್ಷ ಅಥವಾ 20,000 ಕಿಮೀ, ಯಾವುದು ಮೊದಲೋ ಅದು. "ಓಡಿಸೇ ಇಲ್ಲ, ಬೆಲ್ಟ್ ಹೊಸದಿದ್ದಂಗಿದೆ" ಅನ್ನುವ ಮಾತಿಗೆ ಬೆಲೆ ಇಲ್ಲ. ನಿಂತ ಬೈಕಿನ ಬೆಲ್ಟ್ ಪುಲ್ಲಿಯ ಆಕಾರಕ್ಕೇ ಗಟ್ಟಿಯಾಗುತ್ತದೆ.

ಬದಲಾಯಿಸುವಾಗ ಮೊದಲು ಎರಡೂ ಸ್ಪಾರ್ಕ್ ಪ್ಲಗ್ ಬಿಚ್ಚಿ. ಟಾಪ್ ಗೇರ್ ಹಾಕಿ, ಹಿಂದಿನ ಚಕ್ರ ಎತ್ತಿ ಕೈಯಿಂದ ತಿರುಗಿಸಿ. ಪುಲ್ಲಿಗಳ ಗುರುತು ಇಂಜಿನ್ ಮೇಲಿನ ಗುರುತಿಗೆ ಎದುರುಬದುರಾಗಿ ನಿಲ್ಲಲಿ. ಹಳೆ ಬೆಲ್ಟ್ ತೆಗೆಯುವ ಮುಂಚೆ ಬಿಳಿ ಪೇಂಟ್‌ನಿಂದ ನಿಮ್ಮದೇ ಗುರುತು ಹಾಕಿ. ಹೊಸ ಬೆಲ್ಟನ್ನು ಮಡಚಬೇಡಿ, ತಿರುಚಬೇಡಿ, ಒಳಗಿನ ದಾರ ಮುರಿಯುತ್ತದೆ. ಟೆನ್ಷನರ್ ಬೇರಿಂಗನ್ನು ಬೆರಳಿನಿಂದ ತಿರುಗಿಸಿ ನೋಡಿ, ಗರಗರ ಅಂದರೆ ಅದೂ ಹೊಸದು. ಕ್ಯಾಮ್ ಸೀಲ್‌ನಿಂದ ಆಯಿಲ್ ಬಂದಿದ್ದರೆ ಸೀಲ್ ಮೊದಲು, ಬೆಲ್ಟ್ ಆಮೇಲೆ. ಟೆನ್ಷನ್ ಅಳತೆ ನಿಮ್ಮ ಮಾಡೆಲ್‌ನ ಕೈಪಿಡಿಯಿಂದಲೇ ತಗೊಳ್ಳಿ. ಜಾಸ್ತಿ ಬಿಗಿ ಆದರೆ ಬೇರಿಂಗ್ ತಿನ್ನುತ್ತದೆ, ಸಡಿಲ ಆದರೆ ಹಲ್ಲು ಹಾರುತ್ತದೆ. ಮುಗಿದ ಮೇಲೆ ಕೈಯಿಂದಲೇ ಕೆಲವು ಸುತ್ತು ತಿರುಗಿಸಿ, ಗುರುತು ಮತ್ತೆ ನೋಡಿ. ಎಲ್ಲಾದರೂ ತಡೆದಂತಾದರೆ ಅಲ್ಲೇ ನಿಲ್ಲಿಸಿ, ಬಲ ಹಾಕಬೇಡಿ. ಸ್ಟಾರ್ಟರ್ ಬಟನ್ ಕೊನೆಗೆ.

ವಾಲ್ವ್ ವಿಷಯಕ್ಕೆ ಜನ ವಿಪರೀತ ಹೆದರುತ್ತಾರೆ. ಡುಕಾಟಿಯ ಡೆಸ್ಮೊ ವ್ಯವಸ್ಥೆ ಅಂದರೆ ಇಷ್ಟೇ: ವಾಲ್ವ್ ತೆರೆಯಲು ಒಂದು ರಾಕರ್ (ಸಣ್ಣ ತೋಳು), ಮುಚ್ಚಲು ಇನ್ನೊಂದು, ಎರಡಕ್ಕೂ ಸಂದು ಸರಿಮಾಡುವ ಒಂದೊಂದು ಶಿಮ್. ಹಳೆ ಎರಡು ವಾಲ್ವ್ ಇಂಜಿನ್‌ಗಳಿಗೆ 10,000 ಕಿಮೀಗೊಮ್ಮೆ ಆ ಸಂದು ನೋಡಬೇಕು. ತೆರೆಯುವ ಕಡೆ ಫೀಲರ್ ಗೇಜ್ ತೂರಿಸಿದರೆ ಆಯಿತು. ಮುಚ್ಚುವ ಕಡೆ ನಾನು ಮೊದಲು ಶಿಮ್ಮನ್ನು ಬೆರಳಿನಿಂದ ತಿರುಗಿಸಿ ನೋಡುತ್ತೇನೆ. ಸ್ವಲ್ಪ ತಡೆಯುತ್ತಾ ತಿರುಗಿದರೆ ಒಳ್ಳೆಯದು, ತಿರುಗದಿದ್ದರೆ ತೀರಾ ಬಿಗಿ. ಅದನ್ನು ಹಿಡಿದಿರುವ ಅರ್ಧ ಉಂಗುರಗಳು ಸವೆದು ಈ ಅಳತೆ ಬದಲಾಗುತ್ತದೆ. ಹಾಗಾಗಿ ಒಂದು ಜೊತೆ ಹೊಸದು ಡಬ್ಬಿಯಲ್ಲಿರಲಿ. ಕವರ್ ತೆಗೆದಾಗ ರಾಕರ್‌ಗಳ ಮುಖವನ್ನೂ ನೋಡಿ. ಈ ಕಾಲದ ಡುಕಾಟಿಗಳಲ್ಲಿ ರಾಕರ್ ಮೇಲಿನ ಕ್ರೋಮ್ ಚಕ್ಕೆ ಏಳುವುದು ಎಲ್ಲರಿಗೂ ಗೊತ್ತಿರುವ ಕಾಯಿಲೆ. ಎದ್ದಿದ್ದರೆ ಆ ಚೂರು ಆಯಿಲ್‌ಗೆ ಸೇರಿರುತ್ತದೆ. ಇಂಜಿನ್ ಕೆಳಗಿನ ಆಯಿಲ್ ಜಾಲರಿಯನ್ನೂ ಬಿಚ್ಚಿ ತೊಳೆಯಿರಿ.

ಕರೆಂಟಿನ ಕಡೆ ಬನ್ನಿ. ಕರೆಂಟ್ ಹುಟ್ಟಿಸುವ ಆಲ್ಟರ್ನೇಟರ್‌ನಿಂದ ವೋಲ್ಟೇಜ್ ಹಿಡಿತದಲ್ಲಿಡುವ ರೆಗ್ಯುಲೇಟರ್‌ಗೆ ಹೋಗುವ ಹಳದಿ ವೈರ್ ಎಣಿಸಿ. ಹಳೆಯವಕ್ಕೆ ಎರಡು, ತೊಂಬತ್ತರ ದಶಕದ ಕೊನೆಯಿಂದ ಬಂದವಕ್ಕೆ ಮೂರು. ರೆಗ್ಯುಲೇಟರ್ ಕೊಳ್ಳುವಾಗ ಈ ಎಣಿಕೆ ಹೊಂದಲೇಬೇಕು. ಆ ವೈರ್‌ಗಳ ಕನೆಕ್ಟರ್ ಕಂದು ಬಣ್ಣಕ್ಕೆ ತಿರುಗಿದ್ದರೆ ಕತ್ತರಿಸಿ ಹೊಸದು ಹಾಕಿ. ಇಂಜಿನ್ 3,000–4,000 ಆರ್‌ಪಿಎಂನಲ್ಲಿರುವಾಗ ಬ್ಯಾಟರಿಯಲ್ಲಿ 13.5ರಿಂದ 14.5 ವೋಲ್ಟ್ ಸಿಗಬೇಕು. 15 ದಾಟಿದರೆ ರೆಗ್ಯುಲೇಟರ್ ಹೋಗಿದೆ. 13 ಕೂಡ ಬರದಿದ್ದರೆ ರೆಗ್ಯುಲೇಟರನ್ನು ದೂರುವ ಮುಂಚೆ ಅರ್ಥ್ ಬೋಲ್ಟ್ ಬಿಚ್ಚಿ ಉಜ್ಜಿ.

ಟ್ಯಾಂಕ್ ಮುಂದಿನ ಕ್ಲಿಪ್ ಬಿಡಿಸಿದರೆ ಕಾರಿನ ಬಾನೆಟ್ ಥರ ಮೇಲೇಳುತ್ತದೆ. ಈ ಬೈಕಿನಲ್ಲಿ ನನಗೆ ತುಂಬಾ ಇಷ್ಟವಾದದ್ದು ಇದೇ. ಎತ್ತಿದಾಗ ಮುಚ್ಚಳದಿಂದ ನೀರು ಇಳಿಯುವ ಸಣ್ಣ ಕೊಳವೆ ಊದಿ ನೋಡಿ. ಕಟ್ಟಿಕೊಂಡರೆ ಮಳೆ ನೀರು ಪೆಟ್ರೋಲ್‌ಗೆ ಸೇರುತ್ತದೆ, ಹಳೆ ಉಕ್ಕಿನ ಟ್ಯಾಂಕ್ ಒಳಗಿನಿಂದ ತುಕ್ಕು ಹಿಡಿಯುತ್ತದೆ. ಕ್ಲಚ್ ಲೀವರ್‌ನ ಆಯಿಲ್ ಡಾಟ್ 4 (ಬ್ರೇಕ್ ಆಯಿಲ್ ಜಾತಿಯದು, ಇಂಜಿನ್ ಆಯಿಲ್ ಅಲ್ಲ), ಬೇಗ ಕಪ್ಪಾಗುತ್ತದೆ, ವರ್ಷಕ್ಕೊಮ್ಮೆ ಬದಲಾಯಿಸಿ. ಲೀವರ್ ಮೆತ್ತಗಾದರೆ ಇಂಜಿನ್ ಎಡಗಡೆ ಇರುವ, ಆ ಆಯಿಲ್ ಒತ್ತಡದಿಂದ ಕ್ಲಚ್ ಬಿಡಿಸುವ ಸ್ಲೇವ್ ಸಿಲಿಂಡರ್ ಸೋರುತ್ತಿದೆಯಾ ನೋಡಿ. ಸೋರಿದ್ದು ಪೇಂಟ್ ತಿನ್ನುತ್ತದೆ, ತಕ್ಷಣ ನೀರು ಹಾಕಿ ಒರೆಸಿ.

ಸೆಕೆಂಡ್‌ಹ್ಯಾಂಡ್ ಭಾಗ ಕೊಳ್ಳುವವರು ದುಡ್ಡು ಕೊಡುವ ಮುಂಚೆ ಎರಡು ಫೋಟೋ ಕೇಳಿ. ಒಂದರಲ್ಲಿ ಕೊರೆದ ನಂಬರ್, ಇನ್ನೊಂದರಲ್ಲಿ ಪಕ್ಕ ಸ್ಕೇಲ್ ಇಟ್ಟ ಭಾಗ. ಫ್ರೇಮ್, ಚಕ್ರ, ಕ್ಯಾಲಿಪರ್, ಕಾರ್ಬುರೇಟರ್ ಹಳೆಯದು ಕೊಳ್ಳಬಹುದು. ಡಿಸ್ಕ್ ಆದರೆ ಅದರ ಮೇಲೇ ಕನಿಷ್ಠ ದಪ್ಪ ಬರೆದಿರುತ್ತದೆ, ಅಳೆಸಿ ತಗೊಳ್ಳಿ. ರಾಕರ್ ಆದರೆ ಉಜ್ಜುವ ಮುಖದ ಹತ್ತಿರದ ಫೋಟೋ ಬೇಕು. ಬೆಲ್ಟನ್ನು ಮಾತ್ರ ಯಾರು ಸುಮ್ನೆ ಕೊಟ್ಟರೂ ಹಳೆಯದು ಹಾಕಬೇಡಿ.