ವಿಕಾಸವೋ ಸೃಷ್ಟಿಯೋ: ಈ ವಾದದಲ್ಲಿ ತರ್ಕದೋಷ ಹಿಡಿಯುವುದು ಹೇಗೆ?

ವಾದಕ್ಕೆ ಇಳಿಯುವ ಮೊದಲು, ಯಾವ ಪ್ರಶ್ನೆಯ ಮೇಲೆ ಚರ್ಚೆ ನಡೆಯುತ್ತಿದೆ ಎಂದು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಈ ಜಗಳದಲ್ಲಿ ಹಲವು ಪ್ರಶ್ನೆಗಳು ಒಂದಕ್ಕೊಂದು ಹೆಣೆದುಕೊಂಡಿರುತ್ತವೆ. ಭೂಮಿಯ ವಯಸ್ಸೆಷ್ಟು? ಜೀವಿಗಳು ಕಾಲಾಂತರದಲ್ಲಿ ಬದಲಾಗಿವೆಯೇ? ಈಗಿರುವ ಜೀವಿಗಳೆಲ್ಲ ಒಂದೇ ಮೂಲದಿಂದ ಕವಲೊಡೆದವೇ? ಆ ಬದಲಾವಣೆಗೆ ಕಾರಣವಾದ ಪ್ರಕ್ರಿಯೆ ಯಾವುದು? ಮೊದಲ ಜೀವಕೋಶ ಹೇಗೆ ಹುಟ್ಟಿತು? ದೇವರಿದ್ದಾನೆಯೇ? ಒಂದಕ್ಕೆ ಒದಗಿಸಿದ ಪುರಾವೆ ಇನ್ನೊಂದಕ್ಕೆ ತಾನಾಗಿ ಸಲ್ಲುವುದಿಲ್ಲ. ಭೂಮಿಯ ವಯಸ್ಸಿನ ಬಗ್ಗೆ ಮಾತು ಶುರುವಾಗಿ, ಐದು ನಿಮಿಷದಲ್ಲಿ ಮೊದಲ ಜೀವಕೋಶಕ್ಕೆ ಜಿಗಿದರೆ, ಅಲ್ಲೇ ತಡೆದು ‘ಹಿಂದಿನ ಪ್ರಶ್ನೆ ಮುಗಿಯಿತೇ?’ ಎಂದು ಕೇಳಿ.

ಎರಡನೆಯ ಕೆಲಸ, ಎದುರಿನವರ ವಾದವನ್ನು ಮೂರು ಸಾಲಿಗೆ ಇಳಿಸುವುದು: ಅವರು ಹೇಳಿದ ಆಧಾರ, ಹೇಳದೆ ಬಿಟ್ಟ ಆಧಾರ, ತೀರ್ಮಾನ. ‘ಕಣ್ಣು ಇಷ್ಟು ಸಂಕೀರ್ಣ, ಹಾಗಾಗಿ ಯಾರೋ ರಚಿಸಿರಲೇಬೇಕು’ ಎಂಬ ಮಾತನ್ನು ತೆಗೆದುಕೊಳ್ಳಿ. ಇಲ್ಲಿ ಹೇಳದೆ ಬಿಟ್ಟದ್ದು ‘ಸಂಕೀರ್ಣವಾದದ್ದೆಲ್ಲ ರಚನಾಕಾರನಿಂದಲೇ ಬರುತ್ತದೆ’ ಎಂಬ ಸಾಲು. ಚರ್ಚೆ ಇರುವುದೇ ಅದರ ಮೇಲೆ. ಸಾಧಿಸಬೇಕಾದದ್ದನ್ನೇ ಆಧಾರವಾಗಿ ಇಟ್ಟುಕೊಂಡಿದ್ದಾರೆ. ಮೂರೂ ಸಾಲುಗಳನ್ನು ಅವರಿಗೇ ಓದಿ ಹೇಳಿ, ‘ನಿಮ್ಮ ವಾದ ಇದೇ ತಾನೇ?’ ಎಂದು ಕೇಳಿ. ಅವರು ಹೌದು ಎನ್ನುವವರೆಗೆ ತಿದ್ದಿ. ಈ ಹೆಜ್ಜೆಯನ್ನು ಬಿಟ್ಟವರು ಎದುರಾಳಿ ಆಡದ ಮಾತನ್ನು ಖಂಡಿಸಿ ಗೆದ್ದೆವೆಂದುಕೊಳ್ಳುತ್ತಾರೆ. ‘ಕೋತಿ ಮನುಷ್ಯನಾದದ್ದಾದರೆ ಇನ್ನೂ ಕೋತಿಗಳು ಯಾಕಿವೆ?’ ಎಂಬುದು ಅಂಥದ್ದು. ಇಂದಿನ ಕೋತಿಗಳು ಮನುಷ್ಯರಾದವು ಎಂದು ಯಾವ ಜೀವವಿಜ್ಞಾನಿಯೂ ಹೇಳುವುದಿಲ್ಲ. ಇಬ್ಬರಿಗೂ ಸಮಾನ ಪೂರ್ವಜರಿದ್ದರು ಎನ್ನುತ್ತಾರೆ. ಸೃಷ್ಟಿವಾದಿಗಳೆಲ್ಲ ಭೂಮಿಗೆ ಆರು ಸಾವಿರ ವರ್ಷ ಎನ್ನುತ್ತಾರೆಂದು ತಿಳಿಯುವುದೂ ಇದೇ ತಪ್ಪು. ಭೂಮಿಯ ದೀರ್ಘ ವಯಸ್ಸನ್ನು ಒಪ್ಪುವ ಸೃಷ್ಟಿವಾದಿಗಳು ಬಹಳಷ್ಟಿದ್ದಾರೆ.

ಮುಂದೆ ಪದಗಳನ್ನು ಪರೀಕ್ಷಿಸಿ. ಒಂದೇ ಪದ ವಾದದ ಆರಂಭದಲ್ಲಿ ಒಂದು ಅರ್ಥದಲ್ಲೂ ಕೊನೆಯಲ್ಲಿ ಇನ್ನೊಂದು ಅರ್ಥದಲ್ಲೂ ಬಂದರೆ ಅದು ವಾಕ್ಛಲ. ‘ವಿಕಾಸ ಬರೀ ಥಿಯರಿ ಅಷ್ಟೇ’ ಎನ್ನುವಾಗ ಥಿಯರಿ ಎಂದರೆ ಊಹೆ. ವಿಜ್ಞಾನದಲ್ಲಿ ಅದು ಪರೀಕ್ಷೆಗೆ ಒಳಪಟ್ಟು ನಿಂತ ವಿವರಣೆಗಳ ಚೌಕಟ್ಟು. ರೋಗಾಣು ಸಿದ್ಧಾಂತವೂ ಆ ಅರ್ಥದಲ್ಲಿ ಥಿಯರಿಯೇ. ಪದ ಬಂದಲ್ಲೆಲ್ಲ ಅದನ್ನು ತೆಗೆದು ಅದರ ಅರ್ಥವನ್ನೇ ಇಟ್ಟು ಓದಿದರೆ ವಾಕ್ಛಲ ಬಯಲಾಗುತ್ತದೆ.

ವಿಕಾಸದ ಪರ ನಿಂತವರೂ ಇದನ್ನು ಮಾಡುತ್ತಾರೆ. ಬ್ಯಾಕ್ಟೀರಿಯಾಗಳು ಆ್ಯಂಟಿಬಯೋಟಿಕ್‌ಗೆ ಜಗ್ಗದಂತಾಗುವುದನ್ನು ತೋರಿಸಿ, ‘ವಿಕಾಸ ಸಾಬೀತಾಯಿತು, ಮನುಷ್ಯ ಮತ್ತು ಚಿಂಪಾಂಜಿಗೆ ಪೂರ್ವಜರು ಒಬ್ಬರೇ’ ಎನ್ನುತ್ತಾರೆ. ಮೊದಲನೆಯದು ಒಂದು ಪ್ರಭೇದದೊಳಗಿನ ಬದಲಾವಣೆ. ಎರಡನೆಯದಕ್ಕೆ ಬೇರೆ ಪುರಾವೆ ಬೇಕು, ಮತ್ತು ಅದು ಇದೆ. ಚಿಂಪಾಂಜಿಗೆ 24 ಜೋಡಿ ವರ್ಣತಂತುಗಳು (ಕ್ರೋಮೋಸೋಮ್), ಮನುಷ್ಯರಿಗೆ 23. ಸಾಮಾನ್ಯವಾಗಿ ವರ್ಣತಂತುವಿನ ತುದಿಯಲ್ಲಿರುವ ಡಿಎನ್‌ಎ ಸಾಲುಗಳು ನಮ್ಮ ಎರಡನೆಯ ವರ್ಣತಂತುವಿನ ನಡುವೆ ಸಿಗುತ್ತವೆ, ಜೊತೆಗೆ ಕೆಲಸ ನಿಂತುಹೋದ ಎರಡನೆಯ ಸೆಂಟ್ರೋಮಿಯರ್‌ನ (ಸಾಮಾನ್ಯವಾಗಿ ಒಂದು ವರ್ಣತಂತುವಿಗೆ ಒಂದೇ ಇರುವ, ಕೋಶ ವಿಭಜನೆಯಲ್ಲಿ ಅದಕ್ಕೆ ಹಿಡಿತ ಸಿಗುವ ಭಾಗ) ಕುರುಹೂ ಇದೆ: ಪೂರ್ವಜರಲ್ಲಿ ಬೇರೆಯಾಗಿದ್ದ ಎರಡು ವರ್ಣತಂತುಗಳು ಬೆಸೆದು ಒಂದಾದ ಗುರುತು. ಸರಿಯಾದ ಪುರಾವೆ ಕೈಯಲ್ಲಿರುವಾಗ ಸಡಿಲವಾದದ್ದನ್ನು ಮುಂದಿಡಬೇಡಿ.

ಅತಿ ಹೆಚ್ಚು ಕೇಳಿಬರುವ ದೋಷವೆಂದರೆ ಅಜ್ಞಾನವನ್ನೇ ಪುರಾವೆಯಾಗಿಸುವುದು: ‘ಇದು ಹೇಗಾಯಿತೆಂದು ನಿಮಗೆ ಗೊತ್ತಿಲ್ಲ, ಆದ್ದರಿಂದ ಇದು ಸೃಷ್ಟಿಯೇ.’ ಇದರ ಅತ್ಯಂತ ಗಟ್ಟಿಯಾದ ರೂಪವನ್ನು 1996ರಲ್ಲಿ ಜೀವರಸಾಯನ ವಿಜ್ಞಾನಿ ಮೈಕೆಲ್ ಬೀಹಿ ಮುಂದಿಟ್ಟರು. ಬ್ಯಾಕ್ಟೀರಿಯಾ ಈಜಲು ಬಳಸುವ ಫ್ಲಾಜೆಲ್ಲಮ್‌ನಿಂದ ಒಂದು ಭಾಗ ತೆಗೆದರೂ ಅದು ಓಡುವುದಿಲ್ಲ, ಹಾಗಾಗಿ ಅದು ಹಂತಹಂತವಾಗಿ ಬಂದಿರಲಾರದು ಎಂಬುದು ಅವರ ವಾದ. ಕಲ್ಲಿನ ಕಮಾನಿನಿಂದಲೂ ಒಂದು ಕಲ್ಲು ತೆಗೆದರೆ ಅದು ಬೀಳುತ್ತದೆ. ಆದರೂ ಅದನ್ನು ಒಂದೊಂದೇ ಕಲ್ಲಿಟ್ಟು ಕಟ್ಟುತ್ತಾರೆ, ಆಧಾರಕ್ಕಿಟ್ಟ ಚೌಕಟ್ಟನ್ನು ಆಮೇಲೆ ತೆಗೆಯುತ್ತಾರೆ. ಈಗಿನ ರೂಪಕ್ಕೆ ಎಲ್ಲ ಭಾಗಗಳೂ ಬೇಕು ಎಂಬುದರಿಂದ, ಹಿಂದಿನ ರೂಪಗಳಿಗೂ ಅವೆಲ್ಲ ಬೇಕಿದ್ದವು ಎಂದು ಹೊರಡುವುದಿಲ್ಲ.

ಇಲ್ಲಿ ಉತ್ತರ ಕೊಡುವವರು ಎಡವುವ ಜಾಗವೂ ಇದೆ. ಫ್ಲಾಜೆಲ್ಲಮ್‌ನ ಬುಡದ ಪ್ರೋಟೀನುಗಳನ್ನು ಹೋಲುವ ಸಣ್ಣ ಗುಂಪೊಂದು, ಕೆಲವು ಬ್ಯಾಕ್ಟೀರಿಯಾಗಳಲ್ಲಿ ಬೇರೆ ಜೀವಕೋಶಕ್ಕೆ ಪ್ರೋಟೀನು ಚುಚ್ಚುವ ಸಾಧನವಾಗಿ ಕೆಲಸ ಮಾಡುತ್ತದೆ. ಹಾಗಾಗಿ ‘ಭಾಗಗಳು ಕಡಿಮೆಯಾದರೆ ಉಳಿದದ್ದು ನಿರುಪಯುಕ್ತ’ ಎಂಬ ಮಾತು ಬಿದ್ದುಹೋಗುತ್ತದೆ. ಬೀಳುವುದು ಅಷ್ಟೇ. ಫ್ಲಾಜೆಲ್ಲಮ್ ಆ ಸಾಧನದಿಂದಲೇ ಬಂತು ಎಂದು ಇದರಿಂದ ಸಿದ್ಧವಾಗುವುದಿಲ್ಲ, ಹಾಗೆ ಹೇಳಲೂಬಾರದು.

ಸಂಭವನೀಯತೆಯ ಲೆಕ್ಕ ಬಂದರೆ ಕಾಗದ ಪೆನ್ನು ಹಿಡಿಯಿರಿ. ನೂರು ಅಮೈನೋ ಆಮ್ಲಗಳ ಒಂದು ಪ್ರೋಟೀನು, ಪ್ರತಿ ಜಾಗಕ್ಕೂ 20 ಆಯ್ಕೆ. 20ನ್ನು ನೂರು ಬಾರಿ ಗುಣಿಸಿದರೆ 1ರ ಮುಂದೆ ಸುಮಾರು 130 ಸೊನ್ನೆಗಳ ಸಂಖ್ಯೆ ಬರುತ್ತದೆ. ‘ಇದು ಆಕಸ್ಮಿಕವಾಗಿ ಆಗಲು ಸಾಧ್ಯವೇ?’ ಗುಣಾಕಾರ ಸರಿಯಾಗಿದೆ, ಹಿಂದಿರುವ ಊಹೆಗಳು ತಪ್ಪು. ಒಂದೇ ಒಂದು ಸಾಲು ಮಾತ್ರ ಕೆಲಸಕ್ಕೆ ಬರುತ್ತದೆ, ಅದು ಒಂದೇ ಏಟಿಗೆ ಜೋಡಣೆಯಾಗಬೇಕು, ನಡುವೆ ಯಾವ ಆಯ್ಕೆಯೂ ನಡೆಯುವುದಿಲ್ಲ ಎಂದು ಈ ಲೆಕ್ಕ ಹಿಡಿದುಕೊಂಡಿದೆ. ನೈಸರ್ಗಿಕ ಆಯ್ಕೆಯಲ್ಲಿ ಸಿಕ್ಕ ಸಣ್ಣ ಲಾಭ ಮುಂದಿನ ಪೀಳಿಗೆಗೆ ಉಳಿಯುತ್ತದೆ, ಮುಂದಿನ ಬದಲಾವಣೆ ಅದರ ಮೇಲೆ ಸೇರುತ್ತದೆ. ಆದರೆ ಈ ಉತ್ತರ ಸಂತಾನ ಬಿಡುವ ವ್ಯವಸ್ಥೆ ಇದ್ದ ಮೇಲಷ್ಟೇ ಸಲ್ಲುತ್ತದೆ. ಮೊದಲ ಜೀವದ ಪ್ರಶ್ನೆಗೆ ಇದನ್ನೇ ಒಪ್ಪಿಸಿದರೆ ನೀವೂ ಹಾಳೆಯಲ್ಲಿ ಬರೆದ ಪ್ರಶ್ನೆಗಳನ್ನು ಬೆರೆಸಿದಂತೆ.

‘ಉಷ್ಣಗತಿ ವಿಜ್ಞಾನದ ಎರಡನೆಯ ನಿಯಮದಂತೆ ಎಲ್ಲವೂ ಅವ್ಯವಸ್ಥೆಯತ್ತ ಸಾಗುತ್ತದೆ, ಹಾಗಾಗಿ ವಿಕಾಸ ಅಸಾಧ್ಯ’ ಎಂಬ ಮಾತಿಗೆ ಹೆಚ್ಚು ಹೊತ್ತು ಬೇಡ. ಒಟ್ಟು ಎಂಟ್ರೊಪಿ (ಅವ್ಯವಸ್ಥೆಯ ಅಳತೆ) ಕಡಿಮೆಯಾಗದು ಎಂಬ ನಿರ್ಬಂಧ ಹೊರಗಿನ ಸಂಪರ್ಕವಿಲ್ಲದ ವ್ಯವಸ್ಥೆಗೆ. ಭೂಮಿಗೆ ಸೂರ್ಯನಿಂದ ಶಕ್ತಿ ಬರುತ್ತದೆ, ಬಾಹ್ಯಾಕಾಶಕ್ಕೆ ಶಾಖ ಹೋಗುತ್ತದೆ. ಆ ಆಕ್ಷೇಪ ನಿಜವಾಗಿದ್ದರೆ ಬೀಜ ಮರವಾಗುವುದೂ ನಿಯಮಭಂಗವಾಗುತ್ತಿತ್ತು.

ಕಾಲನಿರ್ಣಯದ ಚರ್ಚೆಯಲ್ಲಿ ಬೇಕಾದದ್ದನ್ನಷ್ಟೇ ಆರಿಸುವ ದೋಷ ಹೆಚ್ಚು. ಜೀವಂತ ಬಸವನಹುಳುವಿನ ಚಿಪ್ಪಿಗೆ ಕಾರ್ಬನ್ ಪರೀಕ್ಷೆ ಸಾವಿರಾರು ವರ್ಷ ತೋರಿಸಿತು, ಹಾಗಾಗಿ ಎಲ್ಲ ವಯಸ್ಸುಗಳೂ ಸುಳ್ಳು ಎನ್ನುತ್ತಾರೆ. ಅಂಥ ಫಲಿತಾಂಶ ಬಂದಿರುವುದು ನಿಜ. ಸುಣ್ಣಕಲ್ಲಿನಿಂದ ನೀರಿಗೆ ಕರಗಿದ ಹಳೆಯ ಕಾರ್ಬನ್ ಚಿಪ್ಪಿಗೆ ಸೇರುವುದು ಅದರ ಕಾರಣ. ಇಂಥಲ್ಲಿ ಕೇಳಬೇಕಾದ ಪ್ರಶ್ನೆಗಳು ಎರಡು: ಈ ವಿಧಾನ ಎಷ್ಟು ವರ್ಷದವರೆಗೆ ಕೆಲಸ ಮಾಡುತ್ತದೆ? ಬೇರೆ ವಿಧಾನಗಳು ಒಪ್ಪುತ್ತವೆಯೇ? ಕಾರ್ಬನ್-14ರ ಅರ್ಧಾಯು (ಅದು ಅರ್ಧಕ್ಕಿಳಿಯಲು ಬೇಕಾದ ಕಾಲ) ಸುಮಾರು 5,730 ವರ್ಷ, ಹಾಗಾಗಿ ಸುಮಾರು 50,000 ವರ್ಷದಾಚೆಗೆ ಅಳೆಯಲು ಏನೂ ಉಳಿದಿರುವುದಿಲ್ಲ. ಡೈನೋಸಾರ್ ಕಾಲದ ಬಂಡೆಗಳನ್ನು ಅದರಿಂದ ಅಳೆಯುವುದೇ ಇಲ್ಲ; ಅಲ್ಲಿ ಪೊಟ್ಯಾಸಿಯಂ-40 (ಅರ್ಧಾಯು ಸುಮಾರು 125 ಕೋಟಿ ವರ್ಷ), ಯುರೇನಿಯಂ-238 (ಸುಮಾರು 447 ಕೋಟಿ ವರ್ಷ) ಬಳಕೆಯಾಗುತ್ತವೆ.

‘ಬಂಡೆಯ ವಯಸ್ಸನ್ನು ಪಳೆಯುಳಿಕೆಯಿಂದ, ಪಳೆಯುಳಿಕೆಯ ವಯಸ್ಸನ್ನು ಬಂಡೆಯಿಂದ ಹೇಳುತ್ತೀರಿ’ ಎಂಬ ಆರೋಪ ಅನ್ಯೋನ್ಯಾಶ್ರಯದ್ದು, ಅಂದರೆ ಎರಡು ಮಾತುಗಳು ಒಂದನ್ನೊಂದು ಆಧರಿಸಿ ಸುತ್ತುವ ದೋಷದ್ದು. ಇದು ಗಂಭೀರ ಆರೋಪ, ನಿಜವಾಗಿದ್ದರೆ ಮಾರಕವಾಗುತ್ತಿತ್ತು. ಚಕ್ರವನ್ನು ಒಡೆಯಬೇಕಾದರೆ ಹೊರಗಿನ ಆಸರೆಯೊಂದನ್ನು ತೋರಿಸಬೇಕು. ಇಲ್ಲಿ ಅಂಥವು ಎರಡಿವೆ. ಪದರಗಳ ಕ್ರಮ ಡಾರ್ವಿನ್‌ಗಿಂತ ಹಳೆಯದು: ವಿಲಿಯಂ ಸ್ಮಿತ್ ಇಂಗ್ಲೆಂಡಿನ ಭೂಪದರಗಳ ನಕ್ಷೆ ಪ್ರಕಟಿಸಿದ್ದು 1815ರಲ್ಲಿ, ಡಾರ್ವಿನ್‌ನ ಪ್ರಭೇದಗಳ ಉಗಮದ ಪುಸ್ತಕ ಬಂದದ್ದು 1859ರಲ್ಲಿ. ವರ್ಷಗಳ ಲೆಕ್ಕ ಸಿಗುವುದು ಜ್ವಾಲಾಮುಖಿಯ ಬೂದಿಪದರಗಳ ವಿಕಿರಣ ಪರೀಕ್ಷೆಯಿಂದ, ಅದಕ್ಕೆ ಪಳೆಯುಳಿಕೆ ಬೇಕಿಲ್ಲ.

ಉಲ್ಲೇಖ ಬಂದಾಗ ಮುಂದಿನ ವಾಕ್ಯ ಕೇಳಿ. ಕಣ್ಣು ನೈಸರ್ಗಿಕ ಆಯ್ಕೆಯಿಂದ ಬಂತೆನ್ನುವುದು ಅಸಂಬದ್ಧವೆನಿಸುತ್ತದೆ ಎಂದು ಡಾರ್ವಿನ್ ಬರೆದದ್ದು ನಿಜ. ಸರಳ ಕಣ್ಣಿನಿಂದ ಸಂಕೀರ್ಣ ಕಣ್ಣಿನವರೆಗೆ ಉಪಯುಕ್ತ ಹಂತಗಳಿದ್ದರೆ ಆ ತೊಡಕು ಉಳಿಯದು ಎಂದು ಅದರ ಬೆನ್ನಿಗೇ ವಿವರಿಸಿದ್ದಾನೆ. ಅಂಥ ಹಂತಗಳು ಈಗಲೂ ಜೀವಂತವಾಗಿವೆ: ಚಪ್ಪಟೆ ಹುಳುವಿನ ಬಟ್ಟಲುಗಣ್ಣು, ನಾಟಿಲಸ್‌ನ ಮಸೂರವಿಲ್ಲದ ಸೂಜಿರಂಧ್ರದ ಕಣ್ಣು.

ವಿಕಾಸ ತಪ್ಪಾದರೆ ಸೃಷ್ಟಿ ಸರಿ ಎಂಬ ಎರಡೇ ದಾರಿಯ ವಾದವನ್ನು 1982ರಲ್ಲಿ ಶಾಲೆಗಳಲ್ಲಿ ಸೃಷ್ಟಿವಾದ ಕಲಿಸುವ ಕಾನೂನಿನ ಕುರಿತ ಅಮೆರಿಕದ ಆರ್ಕನ್ಸಾ ಮೊಕದ್ದಮೆಯಲ್ಲಿ ನ್ಯಾಯಾಧೀಶ ವಿಲಿಯಂ ಓವರ್ಟನ್ ತಳ್ಳಿಹಾಕಿದರು. ಒಂದನ್ನು ಕೆಡವಿದ ಮಾತ್ರಕ್ಕೆ ಇನ್ನೊಂದು ನಿಲ್ಲುವುದಿಲ್ಲ. ಅದಕ್ಕೆ ತನ್ನದೇ ಪುರಾವೆ ಬೇಕು. ಇದನ್ನು ತಿರುಗಿಸಿ ‘ವಿಕಾಸ ನಿಜ, ಆದ್ದರಿಂದ ದೇವರಿಲ್ಲ’ ಎನ್ನುವುದೂ ಅಷ್ಟೇ ಕೆಟ್ಟ ತರ್ಕ. ಆಧುನಿಕ ವಿಕಾಸ ಸಿದ್ಧಾಂತ ಕಟ್ಟಿದವರಲ್ಲಿ ರೊನಾಲ್ಡ್ ಫಿಶರ್ ಮತ್ತು ಥಿಯೊಡೋಸಿಯಸ್ ಡಾಬ್ಜಾನ್‌ಸ್ಕಿ ದೈವಭಕ್ತರಾಗಿದ್ದರು. ‘ದೇವರಾಗಿದ್ದರೆ ಕಣ್ಣಿನ ರೆಟಿನಾವನ್ನು (ಬೆಳಕು ಗ್ರಹಿಸುವ ಪರದೆ) ಹೀಗೆ ಹಿಂದುಮುಂದಾಗಿ ಇಡುತ್ತಿರಲಿಲ್ಲ’ ಎನ್ನುವವರು ದೇವರ ಮನಸ್ಸು ತಮಗೆ ಗೊತ್ತೆಂದು ಆಧಾರ ಇಟ್ಟುಕೊಳ್ಳುತ್ತಾರೆ. ಆ ಆಧಾರವಿಲ್ಲದೆ, ಇಂಥ ರಚನೆಯನ್ನು ಯಾವ ಸಿದ್ಧಾಂತ ಮೊದಲೇ ನಿರೀಕ್ಷಿಸುತ್ತದೆ ಎಂದು ಕೇಳುವುದು ಸರಿ. ಎದುರಿನವರನ್ನು ದಡ್ಡರೆಂದು ಕರೆಯುವುದಂತೂ ವಾದವೇ ಅಲ್ಲ. ಕೇಳುಗರಲ್ಲಿ ಅವರಂತೆ ಯೋಚಿಸುವವರೆಲ್ಲ ಆ ಕ್ಷಣವೇ ಕಿವಿ ಮುಚ್ಚುತ್ತಾರೆ.

1912ರ ಪಿಲ್ಟ್‌ಡೌನ್ ತಲೆಬುರುಡೆಯ ವಂಚನೆ (ಮನುಷ್ಯನ ಪೂರ್ವಜನದೆಂದು ತೋರಿಸಿದ ನಕಲಿ ಬುರುಡೆ) ಚರ್ಚೆಗೆ ಬಂದರೆ ಒಪ್ಪಿಕೊಳ್ಳಿ. ಅದು 1953ರವರೆಗೆ ಪೂರ್ತಿ ಬಯಲಾಗಲಿಲ್ಲ, ತಜ್ಞರು ಮೋಸಹೋದರು. ಒಂದು ಖೋಟಾ ವಸ್ತುವಿನಿಂದ ಎಲ್ಲ ಪಳೆಯುಳಿಕೆಗಳೂ ಖೋಟಾ ಎಂದಾಗುವುದಿಲ್ಲ ಎಂಬುದನ್ನು ಒಪ್ಪಿಗೆಯ ನಂತರ ಹೇಳಿದರೆ ಕಿವಿಗೆ ಬೀಳುತ್ತದೆ.

ಕೇಳಿದ ಪುರಾವೆ ಸಿಕ್ಕ ಮೇಲೆ ಮಾನದಂಡ ಬದಲಿಸುವುದನ್ನು, ಅಂದರೆ ಗುರಿಗಂಬ ಸರಿಸುವುದನ್ನು ತಡೆಯಲು, ಪುರಾವೆ ತೋರಿಸುವ ಮೊದಲೇ ‘ಏನು ಸಿಕ್ಕರೆ ಒಪ್ಪುತ್ತೀರಿ?’ ಎಂದು ಕೇಳಿ, ಉತ್ತರ ಬರೆದಿಡಿ. ಮೀನು ಮತ್ತು ನಾಲ್ಕುಕಾಲಿನ ಪ್ರಾಣಿಗಳ ನಡುವಿನ ರೂಪ ಬೇಕೆಂದರೆ, 2004ರಲ್ಲಿ ಕೆನಡಾದ ಎಲ್ಸ್‌ಮಿಯರ್ ದ್ವೀಪದಲ್ಲಿ ಸಿಕ್ಕ ಟಿಕ್ಟಾಲಿಕ್ ಇದೆ: ಸುಮಾರು 37.5 ಕೋಟಿ ವರ್ಷ ಹಳೆಯದು, ಹುರುಪೆ, ಈಜುರೆಕ್ಕೆಗಳ ಜೊತೆಗೆ ಅಲುಗುವ ಕತ್ತು. ಆ ವಯಸ್ಸಿನ ಬಂಡೆಗಳಲ್ಲಿ ಇಂಥದ್ದು ಸಿಗಬೇಕೆಂದು ಲೆಕ್ಕಹಾಕಿಯೇ ಅಲ್ಲಿ ಹುಡುಕಿದ್ದರು. ಮೊದಲೇ ಮಾನದಂಡ ಬರೆಸಿರದಿದ್ದರೆ ‘ಈಗ ಒಂದರ ಬದಲು ಎರಡು ಅಂತರಗಳಾದವು’ ಎಂಬ ಉತ್ತರ ಬರುತ್ತದೆ. ಅದೇ ಪ್ರಶ್ನೆಗೆ ನೀವೂ ಉತ್ತರಿಸಬೇಕು: ಸಸ್ತನಿಗಳಿಗಿಂತ ಬಹಳ ಹಳೆಯದಾದ ಕೇಂಬ್ರಿಯನ್ ಕಾಲದ, ಕದಡದೆ ಉಳಿದ ಬಂಡೆಪದರದಲ್ಲಿ ಸಸ್ತನಿಯ ಮೂಳೆಗಳು ಪದೇಪದೇ ಸಿಕ್ಕರೆ ವಿಕಾಸದ ಈಗಿನ ಚಿತ್ರ ಕುಸಿಯುತ್ತದೆ.

ವೇದಿಕೆಯ ಮೇಲೆ ಎದುರಾಳಿ ಒಂದೇ ಉಸಿರಿಗೆ ಹದಿನೈದು ಆಕ್ಷೇಪ ಸುರಿದರೆ ಎಲ್ಲಕ್ಕೂ ಉತ್ತರಿಸಲು ಹೋಗಬೇಡಿ. ಪ್ರತಿಯೊಂದನ್ನು ಆಡಲು ಹತ್ತು ಸೆಕೆಂಡು ಸಾಕು, ಬಿಡಿಸಲು ಐದು ನಿಮಿಷ ಬೇಕು. ‘ಇವುಗಳಲ್ಲಿ ನಿಮಗೆ ಅತ್ಯಂತ ಗಟ್ಟಿಯೆನಿಸುವುದು ಯಾವುದು?’ ಎಂದು ಕೇಳಿ, ಅದೊಂದನ್ನೇ ಕೊನೆಮುಟ್ಟಿಸಿ. ಉತ್ತರಿಸುವಾಗ ದೋಷದ ಹೆಸರು ಎಸೆಯುವುದಕ್ಕಿಂತ ಕೊಂಡಿ ಎಲ್ಲಿ ಕಳಚಿದೆ ಎಂದು ತೋರಿಸಿ: ‘ನಿಮ್ಮ ಮೊದಲ ಮಾತು ಸರಿ, ಎರಡನೆಯದೂ ಸರಿ, ಆದರೆ ಅವೆರಡರಿಂದ ಮೂರನೆಯದು ಹೊರಡುವುದಿಲ್ಲ, ಏಕೆಂದರೆ...’ ಹಾಗೆಂದು ವಾದ ದೋಷಪೂರ್ಣವಾದರೆ ತೀರ್ಮಾನವೂ ಸುಳ್ಳೆಂದು ಘೋಷಿಸಬೇಡಿ. ನಿಜವಾದ ತೀರ್ಮಾನಕ್ಕೂ ಜನ ಕೆಟ್ಟ ಕಾರಣ ಕೊಡುತ್ತಾರೆ. ಆ ತೀರ್ಮಾನಕ್ಕೆ ಬೇರೆ ಆಧಾರವಿದೆಯೇ ಎಂದು ಕೇಳಿ, ಇದ್ದರೆ ಅದನ್ನೂ ಮೂರು ಸಾಲಿಗೆ ಇಳಿಸಿಕೊಳ್ಳಿ.