‘ಬೆಲ್ ಕಾಂಟೋ’ ಓದಿದವರನ್ನು ಮಾತಾಡಿಸಿದ್ದು ಹೀಗೆ

ಮೈಸೂರಿನಲ್ಲಿ ನಮ್ಮದೊಂದು ಚಿಕ್ಕ ಓದುಗರ ಬಳಗ ಇದೆ. ತಿಂಗಳಿಗೊಮ್ಮೆ ಯಾರದೋ ಮನೆಯಲ್ಲಿ ಸೇರುತ್ತೇವೆ. ಪುಸ್ತಕ ಆರಿಸುವುದು ಎಲ್ಲರೂ, ಮಾತು ನಡೆಸುವ ಕೆಲಸ ಮಾತ್ರ ಸುಮ್ನೆ ನನ್ನ ತಲೆಗೆ ಬಂದು ಉಳಿದುಬಿಟ್ಟಿದೆ. ಅಮೆರಿಕದ ಲೇಖಕಿ ಆ್ಯನ್ ಪ್ಯಾಚೆಟ್ ಅವರ ಕಾದಂಬರಿ ‘ಬೆಲ್ ಕಾಂಟೋ’ ತೆಗೆದುಕೊಂಡಾಗ ಅದನ್ನು ಹೇಗೆ ನಡೆಸಿದೆ ಅಂತ ಇಲ್ಲಿ ಬರೆಯುತ್ತಿದ್ದೇನೆ. ಬೇರೆ ಬಳಗದವರಿಗೆ ಬೇಕಾಗಬಹುದು.

ಕಾದಂಬರಿ 2001ರಲ್ಲಿ ಬಂದದ್ದು. ಮರುವರ್ಷವೇ ಅಮೆರಿಕದ ಪೆನ್/ಫಾಕ್ನರ್ ಮತ್ತು ಬ್ರಿಟನ್ನಿನ ಆರೆಂಜ್, ಎರಡೂ ಪ್ರಶಸ್ತಿ ಸಿಕ್ಕವು. ದಕ್ಷಿಣ ಅಮೆರಿಕದ ಹೆಸರಿಲ್ಲದ ಒಂದು ದೇಶ. ಉಪಾಧ್ಯಕ್ಷರ ಮನೆಯಲ್ಲಿ ಜಪಾನಿನ ಉದ್ಯಮಿ ಹೊಸೊಕಾವಾ ಅವರ ಹುಟ್ಟುಹಬ್ಬ. ಅವರನ್ನು ಒಲಿಸಿಕೊಂಡರೆ ಕಾರ್ಖಾನೆ ಬರಬಹುದು ಅನ್ನೋ ಆಸೆಯಿಂದ ಅವರಿಗೆ ಪ್ರಾಣವಾದ ಒಪೆರಾ (ಹಾಡಿನಲ್ಲೇ ಕತೆ ನಡೆಸುವ ಪಾಶ್ಚಾತ್ಯ ಸಂಗೀತ ನಾಟಕ) ಗಾಯಕಿ ರೊಕ್ಸಾನ್ ಕಾಸ್ ಅವರನ್ನು ಕರೆಸಿರುತ್ತಾರೆ. ಹಾಡು ಮುಗಿಯುತ್ತಿದ್ದಂತೆ ದೀಪ ಆರುತ್ತದೆ, ಬಂದೂಕು ಹಿಡಿದವರು ನುಗ್ಗುತ್ತಾರೆ. ಅವರಿಗೆ ಬೇಕಾಗಿದ್ದದ್ದು ದೇಶದ ಅಧ್ಯಕ್ಷ. ಆತ ತನ್ನ ಟಿವಿ ಧಾರಾವಾಹಿ ತಪ್ಪುತ್ತದೆ ಅಂತ ಪಾರ್ಟಿಗೇ ಬಂದಿಲ್ಲ! ಈ ಜಾಗಕ್ಕೆ ನಮ್ಮಲ್ಲಿ ನಗದವರು ಯಾರೂ ಇಲ್ಲ. ಆಮೇಲೆ ತಿಂಗಳುಗಟ್ಟಲೆ ಎಲ್ಲರೂ ಆ ಮನೆಯೊಳಗೇ. ಹಿಡಿದವರೂ, ಸಿಕ್ಕಿಬಿದ್ದವರೂ.

ನಾನು ಮೊದಲು ಮಾಡಿದ್ದು ‘ಇಷ್ಟ ಆಯ್ತಾ’ ಅನ್ನೋ ಪ್ರಶ್ನೆಯನ್ನು ಬಿಟ್ಟದ್ದು. ಆ ಪ್ರಶ್ನೆ ಕೇಳಿದರೆ ಹೌದು, ಇಲ್ಲ, ಪರವಾಗಿಲ್ಲ, ಅಷ್ಟಕ್ಕೇ ಮಾತು ಮುಗಿಯುತ್ತದೆ. ಅದರ ಬದಲು ‘ಎಲ್ಲಿ ಓದು ನಿಂತಿತು, ಎಲ್ಲಿ ಬಿಡಲಾಗಲಿಲ್ಲ’ ಅಂತ ಕೇಳಿದೆ. ಪುಸ್ತಕದಲ್ಲಿ ಆ ಎರಡು ಜಾಗಕ್ಕೂ ಚೀಟಿ ಇಟ್ಟು ತನ್ನಿ ಅಂತ ವಾಟ್ಸಾಪ್‌ನಲ್ಲಿ ಮೊದಲೇ ಹೇಳಿದ್ದೆ. ಇದರಿಂದ ಸುಮ್ಮನೆ ಕೂರುವವರೂ ಮಾತಾಡಿದರು. ಯಾಕೆಂದರೆ ಹೇಳಬೇಕಾದ್ದು ಅಭಿಪ್ರಾಯ ಅಲ್ಲ, ಬರೀ ಪುಟ.

ಚೀಟಿಗಳನ್ನು ನೋಡಿದರೆ ವಿಚಿತ್ರ. ಓದು ನಿಂತಿದ್ದ ಜಾಗ ಹೆಚ್ಚಿನವರಿಗೆ ಒಂದೇ. ಹೆಂಗಸರನ್ನೆಲ್ಲ ಬಿಟ್ಟು ಕಳಿಸಿ ಗಾಯಕಿಯೊಬ್ಬರನ್ನೇ ಉಳಿಸಿಕೊಂಡ ಮೇಲೆ, ರೆಡ್‌ಕ್ರಾಸಿನ ಮೆಸ್ನರ್ ಬರುವುದು ಹೋಗುವುದು, ಬರುವುದು ಹೋಗುವುದು. ‘ಏನೂ ಆಗ್ತಾನೇ ಇಲ್ವಲ್ಲ ಮೇಡಂ’ ಅಂದರು ಒಬ್ಬರು. ಬಿಡಲಾಗದ ಜಾಗ ಮಾತ್ರ ಒಬ್ಬೊಬ್ಬರಿಗೆ ಒಂದೊಂದು. ಉಪಾಧ್ಯಕ್ಷ ರೂಬೆನ್ ಪೊರಕೆ ಹಿಡಿದು, ನೆಲ ಒರೆಸಿ, ಸ್ವಂತ ಮನೆಗೇ ಆಳಿನಂತೆ ಆಗಿಬಿಡುವುದನ್ನು ನಿವೃತ್ತ ಅಧಿಕಾರಿಯೊಬ್ಬರು ಬಾಯ್ತುಂಬ ಹೊಗಳಿದರು. ಇನ್ನಿಬ್ಬರು ಅಡುಗೆಮನೆಯ ಪ್ರಸಂಗಕ್ಕೆ ಚೀಟಿ ಇಟ್ಟಿದ್ದರು. ಫ್ರೆಂಚ್ ರಾಯಭಾರಿ ಅಡುಗೆಗೆ ನಿಲ್ಲುತ್ತಾನೆ, ತರಕಾರಿ ಹೆಚ್ಚಲು ಚಾಕು ಬೇಕು, ಚಾಕು ಇರುವುದು ಬಂದೂಕಿನವರ ಕೈಯಲ್ಲಿ, ಹಾಗಾಗಿ ಹೆಚ್ಚುವ ಕೆಲಸ ಅವರದ್ದೇ. ಕಾರ್ಮೆನ್ ಅನ್ನೋ ಹುಡುಗಿ, ಅವಳೂ ಬಂದೂಕು ಹಿಡಿದವಳೇ, ರಾತ್ರಿ ಹೊತ್ತು ಪಿಂಗಾಣಿ ಪಾತ್ರೆ ಇಡುವ ಕೋಣೆಯಲ್ಲಿ ದುಭಾಷಿ ಗೆನ್ ಹತ್ತಿರ ಓದು ಬರಹ ಕಲಿಯುವ ಪುಟಗಳಿಗೂ ಚೀಟಿ ಇದ್ದವು. ನನ್ನ ಚೀಟಿ ಇದ್ದದ್ದೂ ಅಲ್ಲೇ.

ಇನ್ನು ಸಂಗೀತ. ಇದು ನಿಜವಾದ ತೊಡಕು. ನಮ್ಮ ಕಿವಿ ಕರ್ನಾಟಕ ಸಂಗೀತಕ್ಕೆ, ಹಳೇ ಸಿನಿಮಾ ಹಾಡಿಗೆ ಒಗ್ಗಿದ್ದು. ಒಪೆರಾ ಅಂದರೆ ಕಿರುಚಾಟ ಅಂತಲೇ ಎಷ್ಟೋ ಜನರ ಭಾವನೆ. ಆದರೆ ಈ ಕಾದಂಬರಿಯಲ್ಲಿ ಹಾಡನ್ನು ನಂಬದಿದ್ದರೆ ಉಳಿದದ್ದು ಯಾವುದನ್ನೂ ನಂಬಲು ಆಗುವುದಿಲ್ಲ. ಒಂದು ದನಿಗಾಗಿ ಇಡೀ ಮನೆಯ ನಡವಳಿಕೆ ಬದಲಾಗುತ್ತದೆ ಅನ್ನುವುದೇ ಅದರ ಅಡಿಪಾಯ. ಹಾಗಾಗಿ ಚರ್ಚೆಗೆ ಮುಂಚೆ ಒಂದೇ ಒಂದು ಹಾಡು ಕೇಳಿಸಿದೆ. ಜೆಕ್ ಸಂಗೀತಗಾರ ದ್ವೊರ್ಜಾಕ್ ಅವರ ‘ರುಸಾಲ್ಕಾ’ ಒಪೆರಾದ ಚಂದ್ರನ ಹಾಡು. ಪ್ರಾಗ್‌ನಲ್ಲಿ 1901ರಲ್ಲಿ ಮೊದಲು ಆಡಿದ ಒಪೆರಾ ಇದು, ಕಾದಂಬರಿಯ ಮೊದಲ ಅಧ್ಯಾಯದಲ್ಲೂ ಬರುತ್ತದೆ. ಆದರೆ ಮೊದಲು ಕತೆ ಹೇಳಿದೆ. ನೀರಿನಲ್ಲಿ ಬದುಕುವ ಹೆಣ್ಣು ಒಬ್ಬ ಮನುಷ್ಯನನ್ನು ಪ್ರೀತಿಸಿದ್ದಾಳೆ, ಅವನಿಗೆ ನನ್ನ ವಿಷಯ ಹೇಳು ಅಂತ ಚಂದ್ರನನ್ನು ಬೇಡುತ್ತಿದ್ದಾಳೆ. ಇಷ್ಟು ಹೇಳಿ ಹಾಡು ಹಾಕಿದರೆ ಕಿರುಚಾಟ ಅನ್ನೋ ಮಾತು ಬರಲೇ ಇಲ್ಲ. ‘ಇದು ನಾಯಕಿ ಸಖಿಯನ್ನ ಕಳಿಸೋ ಹಾಗೇ ಇದೆ, ಜಾವಳಿ ತರಹ’ ಅಂದರು ವೀಣೆ ನುಡಿಸುವ ಅಕ್ಕ. ಅಷ್ಟು ಸಾಕಿತ್ತು. ಅಂದಹಾಗೆ ಪ್ಯಾಚೆಟ್ ಕೂಡ ಒಪೆರಾ ಕೇಳಿ ಬೆಳೆದವರಲ್ಲ, ಈ ಕಾದಂಬರಿಗಾಗಿಯೇ ಕಲಿತದ್ದು.

ಲಿಮಾದ ಸಂಗತಿಯನ್ನು ಬೇಕೆಂದೇ ಕೊನೆಗೆ ಇಟ್ಟುಕೊಂಡಿದ್ದೆ. ಕಾದಂಬರಿಗೆ ಪ್ರೇರಣೆ ಪೆರುವಿನಲ್ಲಿ ನಿಜವಾಗಿ ನಡೆದದ್ದು. 1996ರ ಡಿಸೆಂಬರ್ 17ರಂದು ಲಿಮಾದ ಜಪಾನ್ ರಾಯಭಾರಿಯ ಮನೆಯಲ್ಲಿ ಚಕ್ರವರ್ತಿ ಅಕಿಹಿಟೊ ಹುಟ್ಟುಹಬ್ಬದ ಔತಣ ನಡೆದಿತ್ತು. ಟುಪಾಕ್ ಅಮಾರು ಅನ್ನೋ ಬಂಡುಕೋರ ಸಂಘಟನೆಯ 14 ಮಂದಿ ನುಗ್ಗಿ ನೂರಾರು ಜನರನ್ನು ಒತ್ತೆ ಇಟ್ಟುಕೊಂಡರು. 126 ದಿನ ನಡೆಯಿತು. 1997ರ ಏಪ್ರಿಲ್ 22ರಂದು ಸೈನಿಕರು ನೆಲದಡಿ ಕೊರೆದ ಸುರಂಗಗಳಿಂದ ಒಳಗೆ ಬಂದರು. ಆ ಹೊತ್ತಿನಲ್ಲಿ ಒಳಗಿದ್ದವರಲ್ಲಿ ಕೆಲವರು ಫುಟ್‌ಬಾಲ್ ಆಡುತ್ತಿದ್ದರು. 14 ಮಂದಿಯೂ ಸತ್ತರು, ಒಬ್ಬ ಒತ್ತೆಯಾಳು, ಇಬ್ಬರು ಕಮಾಂಡೋಗಳೂ ಸತ್ತರು. ಸುರಂಗ ಕೊರೆಯುವ ಸದ್ದು ಕೇಳಿಸಬಾರದು ಅಂತ ಹೊರಗೆ ಜೋರಾಗಿ ಸಂಗೀತ ಹಾಕಿದ್ದರು. ಇದನ್ನು ಹೇಳಿದಾಗ ಇಡೀ ಕೋಣೆ ಸುಮ್ಮನಾಯಿತು. ಕಾದಂಬರಿಯಲ್ಲಿ ಜೀವ ತುಂಬುವ ಸಂಗೀತ ಲಿಮಾದಲ್ಲಿ ಹೀಗೆ ಬಳಕೆಯಾಗಿತ್ತು ಅಲ್ವಾ. ಮೊದಲೇ ಹೇಳಿಬಿಟ್ಟಿದ್ದರೆ ಎಲ್ಲರೂ ಸುದ್ದಿಯ ಜೊತೆ ಕತೆಯನ್ನು ತಾಳೆ ನೋಡುತ್ತಾ ಕೂರುತ್ತಿದ್ದರು.

ಇಲ್ಲಿಗೆ ಬಂದ ಮೇಲೆ ಮಾತು ರಾಜ್‌ಕುಮಾರ್ ಕಡೆ ತಿರುಗದೇ ಇರುತ್ತದಾ? 2000ದ ಜುಲೈ 30ರ ರಾತ್ರಿ ದೊಡ್ಡಗಾಜನೂರಿನಿಂದ ರಾಜ್‌ಕುಮಾರ್ ಅವರನ್ನು ವೀರಪ್ಪನ್ ಕಾಡಿಗೆ ಕರೆದೊಯ್ದ. ವಾಪಸ್ ಬಂದದ್ದು 108 ದಿನದ ಮೇಲೆ. ಬಳಗದ ಒಬ್ಬ ಸರ್ ಆಗ ಬೆಂಗಳೂರಿನಲ್ಲಿದ್ದವರು. ಬಂದ್, ಮುಚ್ಚಿದ ಚಿತ್ರಮಂದಿರ, ವೀರಪ್ಪನ್ ಕಡೆಯಿಂದ ಬರುತ್ತಿದ್ದ ಕ್ಯಾಸೆಟ್, ಎಲ್ಲ ನೆನೆಸಿಕೊಂಡರು. ಆಮೇಲೆ ಸಿಟ್ಟಿನಿಂದಲೇ ಕೇಳಿದರು: ‘ಆವತ್ತು ಯಾರಾದ್ರೂ ಇಂಥ ಕಾದಂಬರಿ ಬರೆದಿದ್ರೆ ನಾವು ಓದ್ತಿದ್ವಾ? ಹಿಡಿದವರನ್ನ ಇಷ್ಟು ಒಳ್ಳೆಯವರನ್ನಾಗಿ ಮಾಡೋಕೆ ದೂರದ ಊರೇ ಬೇಕು.’ ಈ ಪುಸ್ತಕದ ಬಗ್ಗೆ ನಾನು ಕೇಳಿದ ಅತಿ ಒಳ್ಳೆಯ ಆಕ್ಷೇಪ ಇದು. ನಾನು ಉತ್ತರ ಕೊಡಲು ಹೋಗಲಿಲ್ಲ, ಎಲ್ಲರ ಮುಂದೆ ಇಟ್ಟೆ. ವೀಣೆಯ ಅಕ್ಕ ಮಾತ್ರ ಒಪ್ಪಲಿಲ್ಲ. ಮುಖಂಡರು ಬೇರೆ, ಕಾಡಿನಿಂದ ಬಂದ ಹದಿಹರೆಯದ ಮಕ್ಕಳು ಬೇರೆ, ಲೇಖಕಿ ಮೃದುವಾಗಿರುವುದು ಮಕ್ಕಳ ಬಗ್ಗೆ ಅಂದರು. ಆ ಸರ್ ತಲೆ ಅಲ್ಲಾಡಿಸಿದರು, ಒಪ್ಪಿಗೆಯಿಂದಲ್ಲ.

‘ಕೊನೆ ದಿಢೀರ್ ಅಂತ ಬಂತು’ ಅನ್ನೋ ದೂರು ಬಂದೇ ಬರುತ್ತದೆ. ಅದಕ್ಕೆ ತಯಾರಾಗಿ ಹೋಗಿ. ಮೊದಲ ಅಧ್ಯಾಯದಲ್ಲೇ ನಿರೂಪಕಿ ಹೇಳಿಬಿಡುತ್ತಾಳೆ, ಉಳಿಯದೇ ಹೋಗುವವರು ಬಂದೂಕಿನವರು ಅಂತ. ಆ ಸಾಲನ್ನು ಜೋರಾಗಿ ಓದಿಸಿದೆ. ಯಾರಿಗೂ ನೆನಪಿರಲಿಲ್ಲ! ಗೊತ್ತಿದ್ದೂ ಮರೆತಿದ್ದೇವೆ, ಒಳಗಿದ್ದವರು ಮರೆತ ಹಾಗೆಯೇ. ನನ್ನ ಪ್ರಕಾರ ಪ್ಯಾಚೆಟ್ ಅವರ ಕೈಚಳಕ ಇರುವುದು ಇಲ್ಲೇ, ಹಾಗಾಗಿ ನಡುವಿನ ಏನೂ ಆಗದ ಪುಟಗಳು ಬೇಕೇ ಬೇಕು. ರೂಬೆನ್ ಬಂದೂಕಿನವರಲ್ಲೇ ಒಬ್ಬನಾದ ಇಶ್ಮಾಯೆಲ್ ಅನ್ನೋ ಹುಡುಗನನ್ನು ಮಗನಾಗಿ ಸಾಕಿಕೊಳ್ಳುವ ಕನಸು ಕಾಣುವಾಗ ನಾವೂ ಜೊತೆಗೆ ಕಾಣುತ್ತಿರುತ್ತೇವಲ್ಲ.

ಕೊನೆಯ ಪುಟ್ಟ ಅಧ್ಯಾಯ, ಇಟಲಿಯ ಲುಕ್ಕಾದಲ್ಲಿ ನಡೆಯುವ ಮದುವೆ, ಅದನ್ನು ಮಾತ್ರ ಹೆಚ್ಚಿನವರು ಒಪ್ಪಲಿಲ್ಲ. ನನಗೂ ಅದು ಬೇಡ ಅನಿಸಿದೆ. ಬದುಕಿದ ಇಬ್ಬರು ಜೊತೆಯಾಗಿರಬಹುದು, ಸರಿ, ಆದರೆ ಆ ಮದುವೆಗೆ ಸತ್ತವರನ್ನು ಇಷ್ಟು ಬೇಗ ದಾಟಿ ಬರಬೇಕಾಗುತ್ತದೆ. ಒಬ್ಬ ಹುಡುಗ ಮಾತ್ರ ‘ಅವರ ಆ ದಿನಗಳು ಇನ್ಯಾರಿಗೆ ಅರ್ಥ ಆಗುತ್ತೆ, ಇನ್ಯಾರನ್ನ ಮದುವೆ ಆಗಬೇಕಿತ್ತು’ ಅಂತ ಕೇಳಿದ. ಅವನ ಮಾತು ಇನ್ನೂ ಬಗೆಹರಿದಿಲ್ಲ, ಗುಂಪಿನಲ್ಲಿ ಮೆಸೇಜ್ ನಡೆಯುತ್ತಲೇ ಇದೆ.

ಈ ಕಾದಂಬರಿಯಿಂದ ಮಾಡಿದ 2018ರ ಸಿನಿಮಾ ಹಾಕೋಣ ಅಂತ ಇಬ್ಬರು ಕೇಳಿದ್ದರು. ಜೂಲಿಯಾನ್ ಮೂರ್ ನಟಿಸಿದ್ದಾರೆ, ಹಾಡಿರುವುದು ರೆನೀ ಫ್ಲೆಮಿಂಗ್. ಚರ್ಚೆಗೆ ಮುಂಚೆ ಬೇಡ ಅಂದೆ. ಓದುವಾಗ ರೊಕ್ಸಾನ್ ದನಿ ಒಬ್ಬೊಬ್ಬರಿಗೆ ಒಂದೊಂದು ಥರ ಕೇಳಿಸಿರುತ್ತದೆ, ಸಿನಿಮಾ ನೋಡಿದ ಮೇಲೆ ಎಲ್ಲರಿಗೂ ಒಂದೇ.